ದೇವರಲ್ಲಿ ಅಪ್ಪಣೆ ಕೇಳಿ ಆಸ್ಪತ್ರೆಗೆ ಬರುವವರು: ಮಾನಸಿಕ ಚಿಕಿತ್ಸೆಯಲ್ಲಿ ಮನೆತನದ ನಂಬಿಕೆಗೆ ಎಷ್ಟು ಜಾಗ ಕೊಡಬೇಕು?

ಪ್ರಶ್ನೆ: ಉಪಕೇಂದ್ರದವಳು, ಮೂಡಿಗೆರೆ

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರು. ಆದರೆ ತಲೆ ಭಾರ, ಎದೆ ಡವಡವ, ಕೈಕಾಲು ಸೆಳೆತ, ಮೈಯಲ್ಲಿ ಶಕ್ತಿಯೇ ಇಲ್ಲ ಎಂದು ಹೇಳಿಕೊಂಡು ಮತ್ತೆ ಮತ್ತೆ ಬರುವ ಹೆಂಗಸರೂ ಕಡಿಮೆಯಿಲ್ಲ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಮನಸ್ಸಿಗೆ ಬೇಸರವಿದೆಯೇ ಎಂದು ಕೇಳಿದರೆ "ಹಂಗೇನಿಲ್ಲ ಮೇಡಂ, ಸುಸ್ತು ಅಷ್ಟೆ" ಎನ್ನುತ್ತಾರೆ. ಸ್ವಲ್ಪ ಹೊತ್ತು ಕೂರಿಸಿ ಕಾಫಿ ಕೊಯ್ಲು, ಮಕ್ಕಳ ಶಾಲೆ ಎಂದು ಮಾತಿಗೆಳೆದ ಮೇಲೆ ನಿದ್ದೆಯಿಲ್ಲದ ರಾತ್ರಿಗಳು, ಗಂಡನ ಕುಡಿತ, ಸಂಘಕ್ಕೆ ಕಟ್ಟಬೇಕಾದ ವಾರದ ಕಂತು ಒಂದೊಂದಾಗಿ ಹೊರಗೆ ಬರುತ್ತವೆ.

ಈಚೆಗೆ ಒಂದು ಮನೆಯಲ್ಲಿ, ಹೆರಿಗೆಯಾಗಿ ಎರಡು ವಾರ ತುಂಬುವಷ್ಟರಲ್ಲಿ, ಬಾಣಂತಿಯೊಬ್ಬಳು ನಿದ್ದೆ ಬಿಟ್ಟು, ಮಗುವನ್ನು ಹತ್ತಿರ ಸೇರಿಸದೆ, ತನ್ನಷ್ಟಕ್ಕೇ ಮಾತನಾಡತೊಡಗಿದಳು. ಮನೆಯವರು ಇದು ಬಾಣಂತಿ ಸನ್ನಿ ಎಂದು ಸರಿಯಾಗಿಯೇ ಗುರುತಿಸಿದ್ದರು. ಆದರೆ ಶೀತವಾಗಿ ಗಾಳಿ ಸೋಕಿರುವುದೇ ಕಾರಣವೆಂದು ತಿಳಿದು ಕಿಟಕಿಗಳನ್ನು ಮುಚ್ಚಿ, ದಿಂಬಿನ ಕೆಳಗೆ ಕುಡುಗೋಲು ಇಟ್ಟು, ಮಂತ್ರಿಸಿದ ನಿಂಬೆಹಣ್ಣನ್ನು ಬಾಗಿಲಿಗೆ ಕಟ್ಟಿದ್ದರು. ದೇವರಲ್ಲಿ ಅಪ್ಪಣೆ ಕೇಳಿ ಬಲಗಡೆ ಹೂವಾದ ಮೇಲೆಯೇ ಅವರು ಜಿಲ್ಲಾ ಕೇಂದ್ರಕ್ಕೆ ಹೊರಟದ್ದು. ಮಾತ್ರೆಯಿಂದ ಗುಣ ಕಾಣಿಸಿತು. ಗುಣ ಕಾಣಿಸಿದ ಕೂಡಲೇ ಮಾತ್ರೆ ನಿಂತಿತು, ಹರಕೆ ಮಾತ್ರ ಮುಂದುವರಿಯಿತು.

ತರಬೇತಿಗಳಲ್ಲಿ ಇವೆಲ್ಲ ಮೂಢನಂಬಿಕೆ, ಜನರಲ್ಲಿ ಅರಿವು ಮೂಡಿಸಿ ಎಂದು ಹೇಳಿ ಮುಗಿಸುತ್ತಾರೆ. ಅರಿವು ಮೂಡಿಸಲು ಹೋದ ದಿನ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ ಎಂಬುದು ಹಳ್ಳಿಯಲ್ಲಿ ಕೆಲಸ ಮಾಡುವವರಿಗೆಲ್ಲ ತಿಳಿದದ್ದೇ. ನಮ್ಮಂತೆಯೇ ಹಣಕ್ಕೂ ವೈದ್ಯರಿಗೂ ಕೊರತೆಯಿರುವ ದೇಶಗಳಲ್ಲಿ ಇದನ್ನು ಹೇಗೆ ನಿಭಾಯಿಸಿದ್ದಾರೆ, ಅದರಲ್ಲಿ ಒಂದು ಉಪಕೇಂದ್ರದ ಮಟ್ಟದಲ್ಲಿ ಮಾಡಬಹುದಾದದ್ದು ಏನಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹೇಮಾವತಿ ದಂಡೆ, ಹಾಸನ

ನಾನು ಹಾಸನದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಕೆಲಸ ಮಾಡುವವನು. ಮೊದಲು ಆ ಬಾಣಂತಿಯ ವಿಷಯ. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಕಾಣಿಸಿಕೊಳ್ಳುವ ಸನ್ನಿ ತುರ್ತು ಸ್ಥಿತಿ. ಅಂಥ ಸಮಯದಲ್ಲಿ ತಾಯಿ ಮತ್ತು ಮಗುವನ್ನು ಇಬ್ಬರನ್ನೇ ಬಿಡಬಾರದು. ಗುಣ ಕಂಡಿತೆಂದು ಮಾತ್ರೆ ನಿಲ್ಲಿಸಿದರೆ ಮರುಕಳಿಸುವ ಅಪಾಯವಿದೆ, ಮುಂದಿನ ಹೆರಿಗೆಯಲ್ಲಿಯೂ ಬರಬಹುದು. ಆದ್ದರಿಂದ ಈ ವಾರವೇ ಆ ಮನೆಗೆ ಹೋಗಿ ಬನ್ನಿ. ಮಾತ್ರೆ ನಿಲ್ಲಿಸಲು ಕಾರಣ ಹರಕೆ ಎಂದು ಊಹಿಸಿಕೊಂಡು ಹೋಗಬೇಡಿ, ಅತ್ತೆಯನ್ನೇ ಕೇಳಿ. ನಾನು ಕಂಡ ಮನೆಗಳಲ್ಲಿ ಹೆಚ್ಚಾಗಿ ಬರುವ ಉತ್ತರ, ಮಾತ್ರೆ ಉಷ್ಣ, ಅದು ಹಾಲಿಗೆ ಇಳಿದು ಮಗುವಿಗೆ ಹೋಗುತ್ತದೆ ಎಂಬುದು. ಅದು ಅಜ್ಞಾನವಲ್ಲ, ವೈದ್ಯರು ಉತ್ತರಿಸಲೇಬೇಕಾದ ಪ್ರಶ್ನೆ. ಹಾಲೂಡಿಸುವವರಿಗೆ ಹೊಂದುವ ಔಷಧಿಗಳಿವೆ. ಯಾವುದನ್ನು ಏಕೆ ಕೊಟ್ಟಿದೆ ಎಂಬುದನ್ನು ಚೀಟಿ ಬರೆಯುವಾಗಲೇ ಅತ್ತೆಯ ಎದುರಿಗೆ ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉದಾಹರಣೆ ಪಾಕಿಸ್ತಾನದ್ದು. ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂತೆಯೇ ಮನೆ ಮನೆಗೆ ಹೋಗುವ 'ಲೇಡಿ ಹೆಲ್ತ್ ವರ್ಕರ್'ಗಳಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರೊಂದಿಗೆ ಹೆರಿಗೆಗೆ ಮೊದಲು ಮತ್ತು ಆಮೇಲೆ ಮಾತನಾಡುವ ಏರ್ಪಾಡು ಮಾಡಿದರು. ಆತಿಫ್ ರಹಮಾನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಆರು ತಿಂಗಳ ಬಳಿಕ ಈ ತಾಯಂದಿರಲ್ಲಿ ಶೇಕಡ 23 ಮಂದಿಗೆ ಖಿನ್ನತೆ ಉಳಿದಿತ್ತು. ಸಾಮಾನ್ಯ ಭೇಟಿಗಳಷ್ಟೇ ದೊರೆತವರಲ್ಲಿ ಅದು ಶೇಕಡ 53. ಅವರು ಮನೆಯೊಳಗೆ ಕಾಲಿಟ್ಟ ಬಗೆಯನ್ನು ಗಮನಿಸಬೇಕು. ಸೊಸೆಗೆ ಮಾನಸಿಕ ಕಾಯಿಲೆಯಿದೆ ಎಂದು ಹೇಳಿಕೊಂಡು ಹೋಗಿದ್ದರೆ ಹೊಸ್ತಿಲೇ ದಾಟುತ್ತಿರಲಿಲ್ಲ. ಮಗು ಚೆನ್ನಾಗಿ ಬೆಳೆಯಬೇಕಾದರೆ ತಾಯಿ ನೆಮ್ಮದಿಯಾಗಿರಬೇಕು ಎಂದರು, ಅದರಲ್ಲಿ ಇಡೀ ಮನೆಯವರಿಗೆ ಕೆಲಸ ಹಂಚಿದರು. ನಮ್ಮಲ್ಲಿ ಬಾಣಂತನವನ್ನು ನಡೆಸುವವರು ತಾಯಿ ಅಥವಾ ಅತ್ತೆ. ಎಣ್ಣೆ ನೀರು, ಕಾಳುಮೆಣಸಿನ ಸಾರು, ಹೊಗೆ ಹಾಕುವುದು ಎಲ್ಲವೂ ಅವರ ಕೈಯಲ್ಲಿರುವಾಗ ಮಾತ್ರೆಯನ್ನೂ ಆ ಪಥ್ಯದ ಸಾಲಿಗೇ ಸೇರಿಸುವುದು ಜಾಣತನ.

ಸುಸ್ತು ಎಂದು ಬರುವ ಹೆಂಗಸರಿಗೆ ಜಿಂಬಾಬ್ವೆಯ ಮಾದರಿ ಹೊಂದುತ್ತದೆ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಆರಂಭಿಸಿದ ಕೆಲಸ ಅದು. ಚಿಕಿತ್ಸಾಲಯದ ಹೊರಗೆ ಮರದ ಬೆಂಚು ಹಾಕಿ, ತರಬೇತಿ ಪಡೆದ ಅಜ್ಜಿಯರು ಬಂದವರೊಡನೆ ಕುಳಿತು, ಅವರ ಕಷ್ಟಗಳಲ್ಲಿ ಒಂದನ್ನು ಅವರಿಂದಲೇ ಆರಿಸಿ, ಅದಕ್ಕೊಂದು ದಾರಿ ಹುಡುಕಿಸುತ್ತಾರೆ. ಎದೆ ಡವಡವ ಎನ್ನುವವರಿಗೆ ಕಾಯಿಲೆಯ ಹೆಸರನ್ನು ಒಪ್ಪಿಸಬೇಕಾದ ಅಗತ್ಯ ಅಲ್ಲಿಲ್ಲ. ಸಂಘದ ಕಂತಿನಿಂದ ಮಾತು ತೆಗೆಯುವ ನೀವು ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೀರಿ.

ಉತ್ತರ: ಕಡೂರು ಬಯಲು

ಸಂಸ್ಕೃತಿಯ ಮಾತು ಬಂದಾಗಲೆಲ್ಲ ನನಗೆ ಸ್ವಲ್ಪ ಅನುಮಾನ. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇಕಡ 70ರಿಂದ 92ರವರೆಗೆ ಇತ್ತು. ಇವರೆಲ್ಲ ನಂಬಿಕೆಯ ಕಾರಣಕ್ಕೇ ಹೊರಗುಳಿದರೆಂದು ಹೇಳುವುದು ಸರ್ಕಾರಕ್ಕೆ ಬಹಳ ಅನುಕೂಲದ ವಿವರಣೆ. ಗುಡಿ ಊರಿನಲ್ಲೇ ಇದೆ, ಅಲ್ಲಿ ಟೋಕನ್ ಇಲ್ಲ, ಜೊತೆಗೆ ಬಂದವರಿಗೂ ಊಟವಿರುತ್ತದೆ. ಆಸ್ಪತ್ರೆಗೆ ಹೋಗಬೇಕಾದರೆ ಇಬ್ಬರ ಒಂದು ದಿನದ ಕೂಲಿ, ಎರಡು ಬಸ್ಸು, ಅಲ್ಲಿ ಹೋದ ಮೇಲೆ ಆ ಮಾತ್ರೆ ಈಗ ಇಲ್ಲ, ಹೊರಗೆ ತೆಗೆದುಕೊಳ್ಳಿ ಎಂಬ ಉತ್ತರ. ಇಷ್ಟಾದ ಮೇಲೆ ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ತಿಳಿಯಲು ಸಂಸ್ಕೃತಿಯ ಅಧ್ಯಯನ ಬೇಕಿಲ್ಲ.

ಇನ್ನೊಂದು ಮಾತು. ನಂಬಿಕೆಯನ್ನು ಗೌರವಿಸುವ ಭರದಲ್ಲಿ ಏರ್ವಾಡಿಯನ್ನು ಮರೆಯಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ಊರಿನಲ್ಲಿ, ದರ್ಗಾಕ್ಕೆ ಗುಣವಾಗಲೆಂದು ಬಂದು ಖಾಸಗಿ ಆಶ್ರಯತಾಣದಲ್ಲಿದ್ದವರು ಬೆಂಕಿ ಬಿದ್ದಾಗ ಸರಪಳಿ ಬಿಡಿಸಿಕೊಳ್ಳಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೀತಿಯಲ್ಲಿಯೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಈ ಗೆರೆಯ ಆಚೆ ಗೌರವದ ಪ್ರಶ್ನೆಯೇ ಬರುವುದಿಲ್ಲ.

ಉತ್ತರ: ಹೇಮಾವತಿ ದಂಡೆ, ಹಾಸನ

ಕಡೂರಿನವರು ಹೇಳಿದ ಬಸ್ಸು, ಕೂಲಿ, ಮಾತ್ರೆಯ ಕೊರತೆ ಎಲ್ಲವೂ ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಮಾತ್ರೆ ಒದಗಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬುದಕ್ಕೆ ಘಾನಾದ ಅನುಭವ ವಿರುದ್ಧವಾಗಿದೆ. ಅಲ್ಲಿನ ಒಂದು ಪ್ರಾರ್ಥನಾ ಶಿಬಿರದಲ್ಲಿ, ಮನೋರೋಗಿಗಳನ್ನು ಸರಪಳಿಯಲ್ಲಿಟ್ಟು ಉಪವಾಸ ಮತ್ತು ಪ್ರಾರ್ಥನೆ ನಡೆಸುತ್ತಿದ್ದ ಸ್ಥಳಕ್ಕೇ ವೈದ್ಯರು ಹೋಗಿ ಔಷಧಿ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗಲಕ್ಷಣಗಳು ಇಳಿದವು, ಸರಪಳಿಯಲ್ಲಿ ಕಳೆದ ದಿನಗಳು ಮಾತ್ರ ಇಳಿಯಲಿಲ್ಲ. ಶಿಬಿರ ನಡೆಸುವವರ ಮನಸ್ಸನ್ನು ಔಷಧಿ ಮುಟ್ಟಿರಲಿಲ್ಲ. ಇದಕ್ಕೆ ಪ್ರತಿಯಾಗಿ, ನೈಜೀರಿಯಾದ ಒಯೆ ಗುರೆಜೆ ಮತ್ತು ಸಂಗಡಿಗರು ನೈಜೀರಿಯಾ ಹಾಗೂ ಘಾನಾಗಳಲ್ಲಿ ಸಾಂಪ್ರದಾಯಿಕ ಚಿಕಿತ್ಸಕರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೂ ಜೊತೆಗೂಡಿಸಿ, ಚಿಕಿತ್ಸಕರಿಗೆ ಏನು ಹಾನಿಕರ ಎಂಬುದನ್ನೂ ಕಲಿಸಿ ಕೆಲಸ ಮಾಡಿದಾಗ, ತೀವ್ರ ಮನೋರೋಗವಿದ್ದವರು ಹೆಚ್ಚು ಚೇತರಿಸಿಕೊಂಡರು. ಅದು 2020ರಲ್ಲಿ ಪ್ರಕಟವಾಯಿತು.

ಎಲ್ಲ ಗುಡಿಗಳೂ ಏರ್ವಾಡಿಯಲ್ಲ ಎಂಬುದನ್ನೂ ಹೇಳಬೇಕು. ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ಬಂದು ತಂಗುತ್ತಿದ್ದ 31 ರೋಗಿಗಳನ್ನು ರಘುರಾಮ್ ಮತ್ತು ಸಂಗಡಿಗರು ಗಮನಿಸಿ 2002ರಲ್ಲಿ ಬರೆದರು. ಅಲ್ಲಿ ಕಟ್ಟುವುದೂ ಹೊಡೆಯುವುದೂ ಇರಲಿಲ್ಲ. ಮನೆಯವರೊಬ್ಬರು ಜೊತೆಯಲ್ಲಿದ್ದು, ರೋಗಿಗಳು ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದರು. ರೋಗಲಕ್ಷಣಗಳ ಅಂಕ ಸುಮಾರು ಶೇಕಡ 20ರಷ್ಟು ಇಳಿದಿತ್ತು. ಹೋಲಿಸಿ ನೋಡಲು ಬೇರೊಂದು ಗುಂಪಿಲ್ಲದ ಸಣ್ಣ ಅಧ್ಯಯನವಾದ್ದರಿಂದ ಗುಡಿಯೇ ಔಷಧಿ ಎಂದು ಇದರಿಂದ ಸಾಧಿಸಲಾಗದು. ಬೈಯದೆ, ಅವಸರಪಡಿಸದೆ ಇಟ್ಟುಕೊಳ್ಳುವ ಜಾಗಕ್ಕೆ ಬೆಲೆಯಿದೆ ಎಂಬಷ್ಟನ್ನು ಒಪ್ಪಬಹುದು.

ಉತ್ತರ: ತೋಟದ ರೈಟರ್, ಸಕಲೇಶಪುರ

ಇಲ್ಲಿಯವರೆಗೆ ಮಾತೆಲ್ಲ ಊರವರದ್ದಾಯಿತು. ನಮ್ಮ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಅವರ ದೇವರು, ಹರಕೆ, ಹೇಳಿಕೊಳ್ಳುವ ಹಿರಿಯರು ಎಲ್ಲವೂ ಅಲ್ಲೇ ಉಳಿದಿವೆ. ಅವರ ಹೆಂಗಸರು ಆರೋಗ್ಯ ಕೇಂದ್ರಕ್ಕೆ ಹೋದರೆ ಹೊಟ್ಟೆ ಮುಟ್ಟಿ ತೋರಿಸುತ್ತಾರೆ, ಗ್ಯಾಸ್ ಮಾತ್ರೆ ಸಿಗುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಅಂದರೆ 14416ಕ್ಕೆ, ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡಬಹುದು. ತೋಟದೊಳಗೆ ಸಿಗ್ನಲ್ ಸಿಗುವುದಿಲ್ಲ, ಫೋನು ಗಂಡಸರ ಜೇಬಿನಲ್ಲಿರುತ್ತದೆ. ಆದ್ದರಿಂದ ಭಾನುವಾರ ಸಂತೆಗೆ ಬಂದಾಗ ಒಬ್ಬ ಹೆಂಗಸಿಗೆ ನನ್ನ ಹೆಂಡತಿ ತನ್ನ ಫೋನಿನಿಂದ ಕರೆ ಮಾಡಿಕೊಟ್ಟು ದೂರ ಹೋಗಿ ನಿಂತಳು. ಆ ಹೆಂಗಸು ಬಹಳ ಹೊತ್ತು ಮಾತನಾಡಿದರು.

ಪ್ರಶ್ನೆ ಕೇಳಿದವರು: ಉಪಕೇಂದ್ರದವಳು, ಮೂಡಿಗೆರೆ

ಎಲ್ಲರಿಗೂ ಧನ್ಯವಾದಗಳು. ಆ ಮನೆಗೆ ಹೋಗಿ ಬಂದೆ. ಹೇಮಾವತಿ ದಂಡೆಯವರು ಹೇಳಿದಂತೆ ಅತ್ತೆಯ ಆತಂಕ ಹಾಲಿನದೇ ಆಗಿತ್ತು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಅಮ್ಮನವರ ಗುಡಿಗೆ ಹೋಗಲು ನಮ್ಮ ಕಡೆ ಶ್ರೇಷ್ಠವಾದ ದಿನವೂ ಅದೇ, ಆದ್ದರಿಂದ ಹೇಗೂ ಆ ದಿನ ಹೊರಡುವವರನ್ನು ಎರಡೂ ಕಡೆ ಹೋಗಿ ಬನ್ನಿ ಎಂದು ಒಪ್ಪಿಸಿದೆ. ಅತ್ತೆಯೇ ಮುಂದಾಗಿ ನಿಂತು ವೈದ್ಯರನ್ನು ಕೇಳುತ್ತೇನೆಂದರು. ಇನ್ನೊಂದೇ ಸಂದೇಹ. ಅಪ್ಪಣೆ ಕೊಡಿಸುವ ಅರ್ಚಕರನ್ನು ನಾನು ಕಂಡು ಮಾತನಾಡುವುದು ಸರಿಯೇ?

ಉತ್ತರ: ಹೇಮಾವತಿ ದಂಡೆ, ಹಾಸನ

ಖಂಡಿತ ಕಾಣಿ. ಎರಡೇ ಕೋರಿಕೆ ಸಾಕು. ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಹೇಳಬಾರದು. ದಿನಗಟ್ಟಲೆ ನಿದ್ದೆ ಊಟ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು, ಮಗುವಿಗೆ ಏನಾದರೂ ಮಾಡಿಯಾರೆಂಬ ಭಯವಿರುವವರನ್ನು ಅಮಾವಾಸ್ಯೆ ಕಳೆಯಲಿ ಎಂದು ಕಾಯಿಸದೆ ಅಂದೇ ಕಳುಹಿಸಬೇಕು. ಉಳಿದ ಪೂಜೆ, ತಾಯತ ಅವರಿಗೆ ಬಿಟ್ಟದ್ದು ಎಂದು ನೀವೇ ಮೊದಲು ಹೇಳಿಬಿಡಿ. ಒಬ್ಬರೇ ಹೋಗಬೇಡಿ, ಊರಿನ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು, ಜನಸಂದಣಿಯಿಲ್ಲದ ದಿನ ನೋಡಿ ಹೋಗಿ.