ಸೆನೆಗಲ್ ಮೂಲದವರು, ಸ್ಕಾಟ್ಲೆಂಡ್ ಮೂಲದವರು: ಯಾರನ್ನು ಯಾರೊಂದಿಗೆ ತೂಗುವುದು?

ಧಾರವಾಡದ ವಿದ್ಯಾರ್ಥಿನಿ ಕೇಳಿದ್ದು

ಎಂ.ಎ. ಸಮಾಜಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು ಏನಾದರು ಎಂಬುದರ ಬಗ್ಗೆ ಕಿರುಪ್ರಬಂಧ ಬರೆಯಬೇಕು. ಹೊರದೇಶಗಳಲ್ಲಿ ನೆಲೆಸಿದ ಸೆನೆಗಲ್ ಮೂಲದವರನ್ನೂ ಸ್ಕಾಟ್ಲೆಂಡ್ ಮೂಲದವರನ್ನೂ ಹೋಲಿಸುತ್ತೇನೆ ಎಂದು ವಿಷಯ ಕೊಟ್ಟುಬಿಟ್ಟೆ. ಆದಾಯ, ಓದು, ಸ್ವಂತ ಮನೆ, ಹೊರಗಿನವರೊಂದಿಗೆ ಮದುವೆ, ಇಷ್ಟಕ್ಕೆ ಒಂದು ಕೋಷ್ಟಕ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಮಾರ್ಗದರ್ಶಕರು ನೋಡಿ, "ಎತ್ತು ಏರಿಗೆಳೆಯುತ್ತದೆ, ಕೋಣ ನೀರಿಗೆಳೆಯುತ್ತದೆ, ನೀನು ನಡುವೆ ನೊಗ ಹಿಡಿದು ನಿಂತಿರುತ್ತೀಯ" ಎಂದರು. ವಿಷಯ ಬದಲಿಸಲು ನನಗೆ ಮನಸ್ಸಿಲ್ಲ. ಈ ಜನರ ನಡುವೆ ಬದುಕಿದ ಕನ್ನಡಿಗರಿದ್ದರೆ ಕಂಡದ್ದನ್ನು ಹೇಳಿ. ಎಲ್ಲಿ ಎಡವುತ್ತೇನೆ ಎಂದು ಮೊದಲೇ ತಿಳಿದರೆ ಸಾಕು.

ಇಟಲಿಯ ಬ್ರೆಷಾದಿಂದ

"ಸ್ವಂತ ಮನೆ" ಎಂಬ ಕಾಲಂ ಇಟ್ಟಿದ್ದೀರಲ್ಲ, ಮೊದಲ ಎಡವು ಅಲ್ಲೇ ಇದೆ. ನಾನು ಇಲ್ಲಿ ಲೋಹದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಎರಕದ ವಿಭಾಗದ ರಾತ್ರಿ ಪಾಳಿಯಲ್ಲಿ ಸೆನೆಗಲ್‌ನವರು ಬಹಳ ಮಂದಿ ಇದ್ದಾರೆ. ಅವರಲ್ಲೊಬ್ಬರು, ನನಗಿಂತ ಹಿರಿಯರು, ಇನ್ನೂ ಮೂವರ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಒಂದು ದಿನ ಮೊಬೈಲ್‌ನಲ್ಲಿ ಚಿತ್ರ ತೋರಿಸಿದರು: ಸೆನೆಗಲ್‌ನ ತೂಬಾ ನಗರದಲ್ಲಿ ಅವರು ಕಟ್ಟಿಸಿದ ಮೂರಂತಸ್ತಿನ ಮನೆ. ಕೆಳಗೆ ತಮ್ಮನ ಅಂಗಡಿ, ಮೇಲೆ ಇಬ್ಬರು ಅಕ್ಕಂದಿರ ಸಂಸಾರ. ಇಟಲಿಯ ಲೆಕ್ಕದಲ್ಲಿ ಇವರು ಮನೆಯಿಲ್ಲದವರು. ನೀವು ಇವರನ್ನು ಯಾವ ಕಾಲಂಗೆ ಹಾಕುತ್ತೀರಿ?

1980ರ ದಶಕದಲ್ಲಿ ಕಡಲತೀರಗಳಲ್ಲಿ ಚೀಲ, ಕನ್ನಡಕ ಮಾರುತ್ತ ಇಟಲಿಗೆ ಬಂದವರು ಇವರ ಹಿಂದಿನ ಸಾಲಿನವರು. 1990ರಲ್ಲಿ ಸರ್ಕಾರ ಕಾಗದಪತ್ರವಿಲ್ಲದವರನ್ನು ಸಕ್ರಮಗೊಳಿಸಿದ ಮೇಲೆ ಅನೇಕರು ಉತ್ತರದ ಕಾರ್ಖಾನೆಗಳಿಗೆ ಸೇರಿಕೊಂಡರು. ಇವರಲ್ಲಿ ಬಹುಪಾಲು ಮುರೀದ್ ಎಂಬ ಸೂಫಿ ಮುಸ್ಲಿಂ ಪಂಥದವರು. ಪಂಥ ಸ್ಥಾಪಿಸಿದ ಶೇಖ್ ಅಮದು ಬಂಬಾ ಅವರನ್ನು ಫ್ರೆಂಚರು 1895ರಲ್ಲಿ ಗಬೊನ್‌ಗೆ ಗಡಿಪಾರು ಮಾಡಿದ್ದರು. ಈಗ ಇವರು ನೆಲೆಸಿದ ಊರಿನಲ್ಲೆಲ್ಲ "ದಾಹಿರಾ" ಎಂಬ ಕೂಟವಿದೆ. ಅಲ್ಲಿ ಸಂತರ ಪದ್ಯಗಳ ಹಾಡಿಕೆಯೂ ನಡೆಯುತ್ತದೆ, ತೀರಿಕೊಂಡವರ ಶವವನ್ನು ಊರಿಗೆ ಕಳಿಸಲು ಹಣ ಕೂಡಿಸುವುದೂ ನಡೆಯುತ್ತದೆ. ನಮ್ಮ ಚೀಟಿಯಂತೆ ಸರದಿಯ ಮೇಲೆ ಹಣ ಎತ್ತುವ ವ್ಯವಹಾರವೂ ಇವರಲ್ಲುಂಟು. ಸೆನೆಗಲ್‌ನ ಒಟ್ಟು ದೇಶೀಯ ಉತ್ಪನ್ನದ ಸುಮಾರು ಹತ್ತನೇ ಒಂದು ಭಾಗದಷ್ಟು ಹಣವನ್ನು ಹೀಗೆ ಹೊರಗಿರುವವರು ಕಳಿಸುತ್ತಾರೆ. ಸಂಬಳದ ಚೀಟಿಯನ್ನಷ್ಟೇ ನೋಡಿ ಇವರ ಏಳಿಗೆಯನ್ನು ಅಳೆಯುವುದು ಒಂದೇ ಕಣ್ಣಿನಿಂದ ನೋಡಿದ ಹಾಗೆ.

ಮಕ್ಕಳ ಕಥೆ ಬೇರೆ. ಇಲ್ಲಿ ಹುಟ್ಟಿದ ಮಗುವೂ ಹದಿನೆಂಟು ತುಂಬುವವರೆಗೆ ಎಡೆಬಿಡದೆ ಇಲ್ಲೇ ಇದ್ದು, ಆಮೇಲೆ ಪೌರತ್ವಕ್ಕೆ ಅರ್ಜಿ ಹಾಕಬೇಕು. 1992ರ ಕಾನೂನು ಅದು. ಟಿಕ್‌ಟಾಕ್‌ನಲ್ಲಿ ಮಾತಿಲ್ಲದೆ ಕೈಚೆಲ್ಲಿ ನಗಿಸುವ ಖಾಬಿ ಲಾಮೆ ನಿಮಗೆ ಗೊತ್ತಿರಬಹುದು. ಡಾಕರ್ ಬಳಿಯಿಂದ ಒಂದು ವರ್ಷದ ಕೂಸಾಗಿ ಇಟಲಿಗೆ ಬಂದವನು. ಆ ತಾಣದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹಿಂಬಾಲಕರಿದ್ದವನಿಗೆ ಇಟಲಿಯ ಪೌರತ್ವ ದೊರೆತದ್ದು 2022ರ ಆಗಸ್ಟ್‌ನಲ್ಲಿ. ಅಷ್ಟು ಹೆಸರಿಲ್ಲದ ಹುಡುಗರ ಪಾಡನ್ನು ನೀವೇ ಊಹಿಸಿಕೊಳ್ಳಿ. ಪೌರತ್ವ ಕೇಳುವ ಸರ್ಕಾರಿ ಪರೀಕ್ಷೆಗೆ ಅವರು ಕೂರುವಂತಿಲ್ಲ. "ಓದಿದ್ದಾರೆ, ಆದರೂ ಸರ್ಕಾರಿ ಕೆಲಸದಲ್ಲಿಲ್ಲ" ಎಂದು ನಿಮ್ಮ ಕೋಷ್ಟಕ ಹೇಳಿದರೆ, ಕಾರಣ ಆ ಸಮುದಾಯದಲ್ಲಿಲ್ಲ, ಅರ್ಜಿ ನಮೂನೆಯಲ್ಲಿದೆ.

ಕೆನಡಾದ ನೋವಾ ಸ್ಕೋಷಾದಿಂದ

ನಾನಿರುವುದು ಸಿಡ್ನಿಯಲ್ಲಿ. ಆಸ್ಟ್ರೇಲಿಯಾದ್ದಲ್ಲ, ಕೇಪ್ ಬ್ರೆಟನ್ ದ್ವೀಪದ್ದು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಭಾರತದ ಮಕ್ಕಳು ಗುಂಪುಗುಂಪಾಗಿ ಬಂದ ಕಾಲದಲ್ಲಿ ನಾನೂ ಬಂದೆ, ಈಗ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ದುಡಿಯುತ್ತೇನೆ. ನನ್ನ ಸರದಿಯ ಪಟ್ಟಿಯಲ್ಲಿ ಮ್ಯಾಕ್‌ಡೊನಾಲ್ಡ್‌ಗಳೇ ಆರು ಮಂದಿ. ಹೆಸರಿನಿಂದ ಗುರುತಿಸಲಾಗದೆ ಇಲ್ಲಿಯವರು ಅಪ್ಪ, ಅಜ್ಜನ ಹೆಸರು ಸೇರಿಸಿ ಕರೆಯುತ್ತಾರೆ, ಥೇಟ್ ನಮ್ಮ ಹಳ್ಳಿಗಳ ಹಾಗೆ.

ಸ್ಕಾಟ್ಲೆಂಡ್ ಮೂಲದವರೆಂದರೆ ಸ್ಥಿತಿವಂತರು ಎಂಬ ಎಣಿಕೆ ನಿಮಗಿದ್ದರೆ ಇಲ್ಲಿಗೊಮ್ಮೆ ಬರಬೇಕು. 1773ರಲ್ಲಿ "ಹೆಕ್ಟರ್" ಎಂಬ ಹಡಗು ಸ್ಕಾಟ್ಲೆಂಡ್‌ನ ಬೆಟ್ಟಸೀಮೆಯ ಸುಮಾರು 190 ಜನ ಹೈಲ್ಯಾಂಡರ್‌ಗಳನ್ನು ತುಂಬಿಕೊಂಡು ಪಿಕ್ಟೋ ಬಂದರಿಗೆ ಬಂತು. ಸಿಡುಬು, ಆಮಶಂಕೆಗಳಿಂದ ದಾರಿಯಲ್ಲೇ ಮಕ್ಕಳು ಸತ್ತಿದ್ದರು. ಮುಂದೆ ಜಮೀನ್ದಾರರು ಕುರಿ ಸಾಕಲೆಂದು ಒಕ್ಕಲೆಬ್ಬಿಸಿದವರೂ ಸಾವಿರಗಟ್ಟಲೆ ಬಂದು ಸೇರಿದರು. ಇವರ ಮೊಮ್ಮಕ್ಕಳು ಕಲ್ಲಿದ್ದಲ ಗಣಿಗೆ, ಉಕ್ಕಿನ ಕಾರ್ಖಾನೆಗೆ ಇಳಿದರು. 1992ರಲ್ಲಿ ಪಿಕ್ಟೋ ಸೀಮೆಯ ವೆಸ್ಟ್‌ರೇ ಗಣಿ ಸಿಡಿದು 26 ಜನ ಸತ್ತರು. 2001ರಲ್ಲಿ ಸಿಡ್ನಿಯ ಉಕ್ಕು ನಿಂತಿತು, ದ್ವೀಪದಲ್ಲಿ ಸರ್ಕಾರ ನಡೆಸುತ್ತಿದ್ದ ಕೊನೆಯ ಗಣಿಯೂ ಅದೇ ವರ್ಷ ಮುಚ್ಚಿತು. ಈಗ ಗಂಡಸರು ಆಲ್ಬರ್ಟಾದ ತೈಲ ಮರಳಿನ ಕೆಲಸಕ್ಕೆ ವಿಮಾನ ಹತ್ತುತ್ತಾರೆ. ಮೂರು ವಾರ ಅಲ್ಲಿ, ಒಂದು ವಾರ ಇಲ್ಲಿ. ದುಡ್ಡು ಮನೆಗೆ ಬರುತ್ತದೆ, ಅಪ್ಪ ಬರುವುದಿಲ್ಲ. ಬ್ರೆಷಾದವರು ಬರೆದ ತೂಬಾದ ಮನೆಯ ಕಥೆ ಓದುವಾಗ ನಮ್ಮ ಬೀದಿಯ ಕಥೆಯನ್ನೇ ಓದಿದಂತಾಯಿತು.

ಅದೇ ಸ್ಕಾಟ್ಲೆಂಡ್‌ನಿಂದ ಹೊರಟವರೇ ಮಾಂಟ್ರಿಯಲ್‌ನಲ್ಲಿ ಬ್ಯಾಂಕು, ರೈಲು, ತುಪ್ಪಳದ ವ್ಯಾಪಾರ ಹಿಡಿದರು. ಗ್ಲಾಸ್ಗೋದಲ್ಲಿ ಹುಟ್ಟಿದ ಜಾನ್ ಎ. ಮ್ಯಾಕ್‌ಡೊನಾಲ್ಡ್ ಕೆನಡಾದ ಮೊದಲ ಪ್ರಧಾನಿಯಾದರು. ಮಾಂಟ್ರಿಯಲ್‌ನ ಸಾಹುಕಾರನನ್ನೂ ಇಲ್ಲಿನ ಗಣಿ ಕೂಲಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ "ಸರಾಸರಿ ಸ್ಕಾಟ್" ಎಲ್ಲಿಯೂ ಇಲ್ಲದ ಮನುಷ್ಯ.

ಇನ್ನೊಂದು ಮಾತು. ನಮ್ಮಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ನಿದ್ದೆಯಲ್ಲಿ ಹೈಲ್ಯಾಂಡರ್‌ಗಳ ಹಳೆಯ ಭಾಷೆ ಗೇಲಿಕ್ ಮಾತಾಡುತ್ತಾರೆ, ಎಚ್ಚರಾದಾಗ ಇಂಗ್ಲಿಷ್. ಶಾಲೆಯಲ್ಲಿ ಗೇಲಿಕ್ ಆಡಿದ್ದಕ್ಕೆ ಏಟು ತಿಂದವರು, ಹಾಗಾಗಿ ತಮ್ಮ ಮಕ್ಕಳಿಗೆ ಕಲಿಸಲೇ ಇಲ್ಲ. ಇಂಗ್ಲಿಷ್ ಕಲಿತದ್ದನ್ನು ನಿಮ್ಮ ಕೋಷ್ಟಕ ಗಳಿಕೆ ಎಂದು ಬರೆದುಕೊಳ್ಳುತ್ತದೆ. ಅಜ್ಜಿ ಹಾಗೆ ಹೇಳುವುದಿಲ್ಲ.

ಚೀಟಿಯ ಮಾತು ಬಂದದ್ದಕ್ಕೆ ನೆನಪಾಯಿತು: 1930ರ ಸುಮಾರಿಗೆ ಆಂಟಿಗೋನಿಷ್‌ನ ಪಾದ್ರಿ ಮೋಸೆಸ್ ಕೋಡಿ ಮತ್ತು ಜೊತೆಗಾರರು ಇಲ್ಲಿನ ಮೀನುಗಾರರು, ಗಣಿಯವರನ್ನು ಓದುಕೂಟಗಳಲ್ಲಿ ಸೇರಿಸಿ ಸಹಕಾರಿ ಅಂಗಡಿ, ಸಾಲದ ಸಂಘ ಕಟ್ಟಿಸಿದರು. ನಿಮ್ಮ ಪಕ್ಕದ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಅಂಥದ್ದು ಆಗಿತ್ತು, ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಪ್ಯಾರಿಸ್‌ನಿಂದ

ಅಂಕಿ ಅಂಶ ಹುಡುಕಿಕೊಂಡು ಫ್ರಾನ್ಸಿಗೆ ಬಂದರೆ ಬರಿಗೈಯಲ್ಲಿ ಹೋಗುತ್ತೀರಿ. ಇಲ್ಲಿನ ಗಣತಿ ಜನಾಂಗ, ಧರ್ಮ ಕೇಳುವುದಿಲ್ಲ. ತಂದೆತಾಯಿ ಹುಟ್ಟಿದ ದೇಶವನ್ನು ಕೇಳಿದ ದೊಡ್ಡ ಸಮೀಕ್ಷೆಗಳು 2008ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಶುರುವಾದವು. ಅದರಲ್ಲೂ ಸೆನೆಗಲ್‌ನವರನ್ನು ಮಾಲಿ ಮೊದಲಾದ ನೆರೆದೇಶಗಳವರ ಜೊತೆ ಸೇರಿಸಿ ಲೆಕ್ಕ ಹಾಕಿದ್ದೇ ಹೆಚ್ಚು.

ಆದರೆ ನಿಮಗೆ ಬೇಕಾದ ಒಂದು ಮಾದರಿ ಇಲ್ಲಿದೆ. ಕ್ಲೇರ್ ಆದಿದಾ, ಡೇವಿಡ್ ಲೈಟಿನ್, ಮರಿ ಆನ್ ವಾಲ್ಫೋರ್ ಎಂಬ ಮೂವರು ಸಂಶೋಧಕರು ಸೆನೆಗಲ್‌ನ ಸೆರೆರ್ ಮತ್ತು ಜೋಲಾ ಜನರನ್ನು ಆರಿಸಿಕೊಂಡರು. ಈ ಎರಡೂ ಜನಾಂಗಗಳಲ್ಲಿ ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಊರು ಒಂದೇ, ಭಾಷೆ ಒಂದೇ, ಮೈಬಣ್ಣ ಒಂದೇ, ಫ್ರಾನ್ಸಿಗೆ ಬಂದ ಕಾಲವೂ ಹೆಚ್ಚುಕಡಿಮೆ ಒಂದೇ. 2009ರಲ್ಲಿ ಅವರು ಡಿಯುಫ್ ಎಂಬ ಒಂದೇ ಮನೆತನದ ಹೆಸರಿಟ್ಟು ಎರಡು ಕಾಲ್ಪನಿಕ ಉದ್ಯೋಗ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿದರು. ಒಂದರಲ್ಲಿ ಮರಿ, ಇನ್ನೊಂದರಲ್ಲಿ ಖದೀಜಾ. ಮರಿಗೆ ನೂರಕ್ಕೆ 21 ಕಡೆಯಿಂದ ಕರೆ ಬಂತು, ಖದೀಜಾಳಿಗೆ 8 ಕಡೆಯಿಂದ. ಮನೆಗಳ ಸಮೀಕ್ಷೆಯಲ್ಲಿ ಮುಸ್ಲಿಂ ಕುಟುಂಬಗಳ ತಿಂಗಳ ಆದಾಯ ಸುಮಾರು 400 ಯೂರೊ ಕಡಿಮೆಯಿತ್ತು. "ಸೆನೆಗಲ್ ಮೂಲದವರು" ಎಂಬ ಒಂದೇ ಮಾತಿನೊಳಗೆ ಇಷ್ಟು ದೂರವಿದೆ! ಇದರಲ್ಲಿ ಎಲ್ಲವನ್ನೂ ಸಮ ಮಾಡಿ ಒಂದನ್ನು ಮಾತ್ರ ಬದಲಿಸಿದ್ದಾರೆ. ಸ್ಕಾಟ್ ಮತ್ತು ಸೆನೆಗಲ್ ಹೋಲಿಕೆಯಲ್ಲಿ ಎಲ್ಲವೂ ಬೇರೆ ಬೇರೆ. ವ್ಯತ್ಯಾಸ ಕಂಡರೂ ಅದು ಯಾವುದರಿಂದ ಬಂತು ಎಂದು ಹೇಗೆ ಹೇಳುತ್ತೀರಿ?

ನಾನು ಮೊದಲು ಬಾಡಿಗೆಗಿದ್ದ ಬೀದಿಯಲ್ಲಿ ಸೊನಿಂಕೆ ಜನಾಂಗದ ಮುದುಕರ ಒಂದು ವಸತಿಗೃಹವಿತ್ತು. ಸೆನೆಗಲ್ ನದಿಯ ದಡದಿಂದ 1960ರ ದಶಕದಲ್ಲಿ ಕಾರು ಕಾರ್ಖಾನೆಗೆ ಬಂದವರು. 1974ರಲ್ಲಿ ಫ್ರಾನ್ಸ್ ಕೂಲಿ ವಲಸೆಯ ಬಾಗಿಲು ಮುಚ್ಚಿತು. ಊರಿಗೆ ಹೋದರೆ ಮರಳಿ ಬರಲಾಗದು ಎಂಬ ಹೆದರಿಕೆಯಿಂದಲೇ ಉಳಿದುಬಿಟ್ಟೆವು ಎಂದು ಅವರಲ್ಲೊಬ್ಬರು ನನಗೆ ಹೇಳಿದ್ದುಂಟು.

ನ್ಯೂಜಿಲೆಂಡ್‌ನ ಡುನೆಡಿನ್‌ನಿಂದ

ಚಿಕ್ಕದಾಗಿ ಹೇಳುತ್ತೇನೆ. ಈ ಊರಿನ ಹೆಸರೇ ಎಡಿನ್‌ಬರೋದ ಗೇಲಿಕ್ ರೂಪ. 1848ರಲ್ಲಿ ಸ್ಕಾಟ್ಲೆಂಡ್‌ನ ಫ್ರೀ ಚರ್ಚ್‌ನವರು ನೆಲೆಯೂರಿದರು, 1861ರಲ್ಲಿ ಚಿನ್ನ ಸಿಕ್ಕಿತು, 1869ರಲ್ಲಿ ದೇಶದ ಮೊದಲ ವಿಶ್ವವಿದ್ಯಾಲಯ ಕಟ್ಟಿದರು. ಓದಿಗೆ ಬೆಲೆ ಕೊಡುವ ಜನ, ಆದ್ದರಿಂದ ಮುಂದೆ ಬಂದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ನೆಲೆಯೂರುವುದಕ್ಕೂ ನಾಲ್ಕು ವರ್ಷ ಮೊದಲು, 1844ರಲ್ಲಿ, ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ನ್ಗಾಯಿ ತಾಹು ಬುಡಕಟ್ಟಿನವರಿಂದ ಸುಮಾರು ನಾಲ್ಕು ಲಕ್ಷ ಎಕರೆ ನೆಲವನ್ನು 2,400 ಪೌಂಡಿಗೆ ಕೊಂಡಿದ್ದರು. ಆ ಜನರ ದೂರುಗಳಿಗೆ 1998ರಲ್ಲಿ ಸರ್ಕಾರ 17 ಕೋಟಿ ಡಾಲರ್ ಕೊಟ್ಟು ಕ್ಷಮೆ ಕೇಳಿತು. ಬಂದ ಸ್ಕಾಟರಿಗೆ ವೀಸಾ ಬೇಕಿರಲಿಲ್ಲ, ಕಾನೂನು ಅವರದೇ, ಭಾಷೆ ಅವರದೇ, ನೆಲ ಅಗ್ಗ. ಬ್ರೆಷಾಕ್ಕೆ ಬಂದ ಸೆನೆಗಲ್‌ನವರಿಗೆ ಯಾರಾದರೂ ಹೀಗೆ ನೆಲ ಅಳೆದುಕೊಟ್ಟಿದ್ದಾರೆಯೇ?

ಮೈಸೂರಿನಿಂದ, ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕರು

ಮಗಳೇ, ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಡುನೆಡಿನ್‌ನವರು ಎಲ್ಲವನ್ನೂ ನೆಲದ ಮೇಲೆ ಹಾಕಿಬಿಟ್ಟಿದ್ದಾರೆ, ಅದನ್ನು ನಾನು ಪೂರ್ತಿ ಒಪ್ಪಲಾರೆ. ನೆಲ ಸಿಕ್ಕಿದ ಸ್ಕಾಟರೆಲ್ಲರೂ ಏಳಿಗೆಯಾಗಲಿಲ್ಲ. ಐರ್ಲೆಂಡ್‌ನ ಅಲ್ಸ್ಟರ್ ದಾರಿಯಾಗಿ ಅಮೆರಿಕದ ಅಪಲೇಚಿಯನ್ ಬೆಟ್ಟಗಳಿಗೆ ಹೋದವರಿಗೂ ನೆಲ ಸಿಕ್ಕಿತ್ತು, ಅವರ ಸಂತತಿಯವರ ಊರುಗಳು ಇವತ್ತಿಗೂ ಆ ದೇಶದ ಬಡ ಊರುಗಳ ಸಾಲಿನಲ್ಲಿವೆ.

ನಾನು ಹೇಳಬೇಕಾದದ್ದು ತಲೆಮಾರಿನ ಲೆಕ್ಕ. ಆಂಡ್ರ್ಯೂ ಕಾರ್ನೆಗಿಯ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಅವನ ಅಪ್ಪ ಡನ್‌ಫರ್ಮ್‌ಲಿನ್‌ನ ಕೈಮಗ್ಗದ ನೇಕಾರ. ಉಗಿಮಗ್ಗ ಬಂದು ಕೆಲಸ ಹೋಗಿ, 1848ರಲ್ಲಿ ಸಾಲ ಮಾಡಿ ಅಮೆರಿಕಕ್ಕೆ ಹೋದವನು. ಹುಡುಗ ಹತ್ತಿ ಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟ್‌ಗೆ ಕಂಡಿಕೆ ಬದಲಿಸುತ್ತಿದ್ದ. 1990ರಲ್ಲಿ ಇಟಲಿಗೆ ಬಂದ ಸೆನೆಗಲ್‌ನವರನ್ನು ಆ ಅಪ್ಪನ ಪಕ್ಕ ನಿಲ್ಲಿಸು, ಉಕ್ಕಿನ ದೊರೆಯಾದ ಮಗನ ಪಕ್ಕ ಅಲ್ಲ. ಆರನೇ ತಲೆಮಾರಿನೊಂದಿಗೆ ಮೊದಲ ತಲೆಮಾರನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ.

ಆಮೇಲೆ, "ಮೂಲ ಯಾವುದು" ಎಂದು ಅಮೆರಿಕದ ಗಣತಿ ಇಲಾಖೆ 1980ರಿಂದ ಕೇಳುತ್ತಿದೆ. ಉತ್ತರ ಅವರವರ ಬಾಯಿಮಾತು. ಬೆಟ್ಟದ ಬಡ ಜಿಲ್ಲೆಗಳಲ್ಲಿ ಅನೇಕರು ಬರೀ "ಅಮೆರಿಕನ್" ಎಂದು ಬರೆಯುತ್ತಾರೆ. "ಸ್ಕಾಟಿಷ್" ಎಂದು ನೆನಪಿಟ್ಟು ಬರೆಯುವವರಲ್ಲಿ ವಂಶಾವಳಿ ಹುಡುಕುವಷ್ಟು ಪುರುಸೊತ್ತಿರುವವರ ಪಾಲು ಹೆಚ್ಚೇ ಇರುತ್ತದೆ. ಸರಾಸರಿ ತಾನಾಗಿಯೇ ಮೇಲೇರುತ್ತದೆ.

ನ್ಯೂಯಾರ್ಕ್‌ನಿಂದ

ಮೇಷ್ಟ್ರ ಮಾತಿಗೆ ಒಂದು ಬಾಲ. ನಾನು ಹಾರ್ಲೆಮ್‌ನಲ್ಲಿ 116ನೇ ಬೀದಿಯ ಹತ್ತಿರವಿದ್ದೆ, ಜನ ಅದನ್ನು ಪುಟ್ಟ ಸೆನೆಗಲ್ ಎನ್ನುತ್ತಾರೆ. ಜಡೆ ಹೆಣೆಯುವ ಅಂಗಡಿಗಳು, ಮೀನಿನ ಅನ್ನದ ಹೋಟೆಲುಗಳು, ಜುಲೈ ತಿಂಗಳಲ್ಲಿ ಅಮದು ಬಂಬಾ ಹೆಸರಿನ ಮೆರವಣಿಗೆ. ಅಟ್ಲಾಂಟಿಕ್ ದಾಟಿ ಬರುವಷ್ಟು ಹಣ, ವೀಸಾ, ಧೈರ್ಯ ಇದ್ದವರೇ ಇಲ್ಲಿ ತಲುಪಿದ್ದು, ಆದ್ದರಿಂದ ಇಲ್ಲಿನವರನ್ನು ಬ್ರೆಷಾದವರೊಂದಿಗೆ ಸೇರಿಸುವಾಗಲೂ ಎಚ್ಚರವಿರಲಿ. ಇನ್ನೂ ಒಂದು: ಹದಿನೆಂಟನೇ ಶತಮಾನದಲ್ಲಿ ಫ್ರೆಂಚರು ಲೂಸಿಯಾನಕ್ಕೆ ಗುಲಾಮರಾಗಿ ಹೊತ್ತು ತಂದವರಲ್ಲಿ ದೊಡ್ಡ ಪಾಲು ಸೆನೆಗಾಂಬಿಯಾದವರು, ಎಂದರೆ ಸೆನೆಗಲ್ ಮತ್ತು ಗಾಂಬಿಯಾ ನದಿಗಳ ಸೀಮೆಯವರು. ಅವರ ಸಂತತಿ "ಸೆನೆಗಲ್ ಮೂಲದವರು" ಹೌದೋ ಅಲ್ಲವೋ? ಮೊದಲ ಅಧ್ಯಾಯದಲ್ಲೇ ಇದನ್ನು ತೀರ್ಮಾನಿಸಿ, ಇಲ್ಲದಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಕೇಳುತ್ತಾರೆ.

ಧಾರವಾಡದ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದ. ಕೋಷ್ಟಕ ಹರಿದು ಹಾಕಿದೆ, ಬೇಸರವಿಲ್ಲ. ಬ್ರೆಷಾ ಮತ್ತು ಕೇಪ್ ಬ್ರೆಟನ್, ಈ ಎರಡೇ ಊರು ಇಟ್ಟುಕೊಳ್ಳುತ್ತೇನೆ. ದೂರ ಹೋಗಿ ದುಡಿದು ಮನೆಗೆ ಹಣ ಕಳಿಸುವ ಸಂಸಾರಗಳಲ್ಲಿ, ಉಳಿದವರು ಆ ಹಣದಿಂದ ಏನು ಮಾಡಿದರು ಎಂಬಷ್ಟನ್ನೇ ಕೇಳುತ್ತೇನೆ. ಲೂಸಿಯಾನದವರನ್ನು ಸೇರಿಸಿಲ್ಲ, ಏಕೆ ಎಂದು ಬರೆಯುತ್ತೇನೆ. ನೋವಾ ಸ್ಕೋಷಾದ ಅಕ್ಕ, ನಿಮ್ಮ ಕೇಂದ್ರದ ಹಿರಿಯರನ್ನು ನನ್ನ ಪರವಾಗಿ ಮಾತನಾಡಿಸಲು ಸಾಧ್ಯವೇ?

ಕೆನಡಾದ ನೋವಾ ಸ್ಕೋಷಾದಿಂದ

ಕೇಂದ್ರದವರ ಅನುಮತಿಯನ್ನೂ ಹಿರಿಯರ ಒಪ್ಪಿಗೆಯನ್ನೂ ಕೇಳಿ ತಿಳಿಸುತ್ತೇನೆ. ಹೆಸರು ಬರೆಯುವಂತಿಲ್ಲ. ಹತ್ತು ಪ್ರಶ್ನೆಗಿಂತ ಹೆಚ್ಚು ಕಳಿಸಬೇಡಿ, ಮೊದಲನೆಯದೇ ಆದಾಯದ್ದಾಗಿರಬಾರದು. ಮಗ ಎಲ್ಲಿದ್ದಾನೆ ಎಂದು ಕೇಳಿ, ಮಿಕ್ಕದ್ದನ್ನು ಅವರೇ ಹೇಳುತ್ತಾರೆ. ಮಧ್ಯಾಹ್ನ ಮೂರಕ್ಕೆ ಚಹಾ ಕೊಡುವ ಹೊತ್ತು, ಆಗ ಕೇಳುವುದು ಒಳ್ಳೆಯದು.