ಸಂಜೆ ಕಲಿಕಾ ಕೇಂದ್ರಗಳಿಗೆ ಸಿಎಸ್‌ಆರ್ ಪ್ರಸ್ತಾವನೆ: ಅಗತ್ಯ, ಗುರಿ, ಬಜೆಟ್ ಬರೆಯುವುದು ಹೇಗೆ?

ಕೃಷ್ಣಾತೀರ:
ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ 10 ಹಳ್ಳಿಗಳಲ್ಲಿ ಸಂಜೆ ಕಲಿಕಾ ಕೇಂದ್ರ ನಡೆಸಲು ನಮ್ಮ ಟ್ರಸ್ಟ್ ಒಂದು ಕಂಪನಿಗೆ ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಕೊಡುವ ಹಣ) ಪ್ರಸ್ತಾವನೆ ಕೊಡಬೇಕಿದೆ. ಸರ್ಕಾರಿ ಶಾಲೆಯ 4 ಮತ್ತು 5ನೇ ತರಗತಿ ಮಕ್ಕಳು, ಕೇಂದ್ರಕ್ಕೆ 25ರಂತೆ ಒಟ್ಟು 250. ದಿನಕ್ಕೆ ಎರಡು ಗಂಟೆ ಕನ್ನಡ ಓದು ಮತ್ತು ಮೂಲ ಗಣಿತ, ವರ್ಷಕ್ಕೆ 10 ತಿಂಗಳು. 12ಎ, 80ಜಿ ಆದಾಯ ತೆರಿಗೆ ನೋಂದಣಿ, ಮೂರು ವರ್ಷದ ಆಡಿಟ್ ವರದಿ ಇವೆ. ಅವರು ಕೇಳಿರುವುದು 6 ಪುಟದ ಬರಹ ಮತ್ತು ಎಕ್ಸೆಲ್ ಬಜೆಟ್.

‘ಈ ಯೋಜನೆ ಏಕೆ ಬೇಕು’ ಎನ್ನುವ ಭಾಗದಲ್ಲಿ ಏನಿರಬೇಕು? ಕಲಿಕೆಯ ಗುರಿಯನ್ನು ಎಷ್ಟೆಂದು ಬರೆಯಬೇಕು? ಆಡಳಿತ ವೆಚ್ಚ 5% ಮೀರುವಂತಿಲ್ಲ ಎನ್ನುತ್ತಾರೆ, ನಿಜವೇ?

ಬಯಲುಸೀಮೆ:
ಶಿಕ್ಷಣದ ಮಹತ್ವ, ಹಿಂದುಳಿದ ಪ್ರದೇಶದ ಬವಣೆ ಅಂತ ಒಂದು ಪುಟ ತುಂಬಿಸಬೇಡಿ. ಓದುವವರಿಗೆ ಅದೆಲ್ಲ ಗೊತ್ತು. ಅವರಿಗೆ ಬೇಕಿರುವುದು ಈ 10 ಹಳ್ಳಿಯ ಮಕ್ಕಳು ಓದಿನಲ್ಲಿ ಎಲ್ಲಿ ನಿಂತಿದ್ದಾರೆ ಎಂಬ ಮಾಹಿತಿ. ಪ್ರಸ್ತಾವನೆ ಕಳಿಸುವ ಮುಂಚೆ ಮೂರು ಹಳ್ಳಿಯಲ್ಲಿ 60 ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿ ನೋಡಿ. ಗ್ರಾಮೀಣ ಮಕ್ಕಳ ಓದು, ಗಣಿತ ಅಳೆಯುವ ಅಸರ್ ಸಮೀಕ್ಷೆಯ ಹಂತಗಳೇ ಸಾಕು: ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಒಂದು ಮಗುವಿಗೆ ಸುಮಾರು 10 ನಿಮಿಷ. ಪದದ ಹಂತದಲ್ಲಿ ಒತ್ತಕ್ಷರ ಇರುವ ಪದಗಳನ್ನು ಬೇರೆಯಾಗಿ ಪರೀಕ್ಷಿಸಿ, ಏಕೆಂದರೆ ‘ಮರ’, ‘ಕಮಲ’ ಓದುವ ಮಗು ‘ಹಕ್ಕಿ’, ‘ಪುಸ್ತಕ’ ಬಂದಾಗ ನಿಲ್ಲುತ್ತದೆ. ಗಣಿತದಲ್ಲಿ ದಶಕ ಸಹಿತ ಕಳೆಯುವ ಲೆಕ್ಕ, ಭಾಗಾಕಾರ ನೋಡಿ. ‘60ರಲ್ಲಿ ಇಷ್ಟು ಮಕ್ಕಳು ಒತ್ತಕ್ಷರದಲ್ಲಿ ನಿಂತಿದ್ದಾರೆ’ ಎಂಬ ಒಂದು ಸಾಲು ಇಡೀ ಪುಟಕ್ಕಿಂತ ಹೆಚ್ಚು ಹೇಳುತ್ತದೆ. ದಾಖಲಾತಿ ಸಂಖ್ಯೆಯನ್ನು ಶಾಲೆಗಳ ಸರ್ಕಾರಿ ಮಾಹಿತಿ ಕೋಶ ಯುಡೈಸ್‌ನಿಂದ ತೆಗೆದುಕೊಳ್ಳಿ, ಯಾವ ವರ್ಷದ್ದೆಂದು ಬರೆಯಿರಿ.

‘ಶಾಲೆಯಲ್ಲಿ ನಲಿ-ಕಲಿ ಇದೆಯಲ್ಲ, ನಿಮ್ಮದೇಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಚಟುವಟಿಕೆ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇರುವುದು 1ರಿಂದ 3ನೇ ತರಗತಿಯವರೆಗೆ. 4ಕ್ಕೆ ಬಂದ ಮಗು ಓದಲು ಬಾರದಿದ್ದರೂ ಆ ತರಗತಿಯ ಪಠ್ಯವನ್ನೇ ಎದುರಿಸಬೇಕು. ನಿಮ್ಮ ಕಾರ್ಯಕ್ರಮದ ಜಾಗ ಅದೇ. ಅದನ್ನು ಅವರು ಕೇಳುವ ಮೊದಲೇ ಬರೆದುಬಿಡಿ.

ಗುರಿಯ ವಿಚಾರ. ‘250 ಮಕ್ಕಳಿಗೆ ಪಾಠ’ ಎಂಬುದು ನೀವು ಮಾಡುವ ಕೆಲಸ, ಫಲವಲ್ಲ. ಫಲ ಹೀಗಿರಲಿ: ‘ಕಥೆ ಓದಬಲ್ಲವರು ಆರಂಭದಲ್ಲಿ 30%, ಕೊನೆಯಲ್ಲಿ 60%; ಕನಿಷ್ಠ ಒಂದು ಹಂತ ಮೇಲೇರಿದವರು 80%’. ಇದು ಉದಾಹರಣೆ ಮಾತ್ರ, ನಿಮ್ಮ ಅಂಕಿ 60 ಮಕ್ಕಳ ಪರೀಕ್ಷೆಯಿಂದ ಹುಟ್ಟಬೇಕು. 100% ಎಂದು ಯಾವತ್ತೂ ಬರೆಯಬೇಡಿ. ಆ ಶೇಕಡಾವಾರು ಯಾರ ಮೇಲೆ ಎಂಬುದನ್ನೂ ಹೇಳಿ: ಎರಡೂ ಪರೀಕ್ಷೆ ಬರೆದ ಮಕ್ಕಳ ಮೇಲೋ, ಹೆಸರು ನೋಂದಾಯಿಸಿದ ಎಲ್ಲರ ಮೇಲೋ? ಇದನ್ನು ಬಿಟ್ಟರೆ ವರ್ಷದ ಕೊನೆಯ ವರದಿಯಲ್ಲಿ ಜಗಳ ಖಾತ್ರಿ.

ಲೆಕ್ಕದ ಪುಸ್ತಕ:
5%ರ ಬಗ್ಗೆ. ಆ ಮಿತಿ ಕಂಪನಿಯ ಮೇಲೆ, ನಿಮ್ಮ ಮೇಲಲ್ಲ. ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಕಂಪನಿ ಮಾಡುವ ಸಾಮಾನ್ಯ ಆಡಳಿತ ಖರ್ಚು ಆ ವರ್ಷದ ಒಟ್ಟು ಸಿಎಸ್‌ಆರ್ ವೆಚ್ಚದ 5% ಮೀರಬಾರದು, ನಿಯಮ ಹೇಳುವುದು ಇಷ್ಟೇ. ಅನುಷ್ಠಾನ ಸಂಸ್ಥೆಯ, ಅಂದರೆ ನಿಮ್ಮಂಥವರ, ನಿರ್ವಹಣಾ ಖರ್ಚು ಇದರಲ್ಲಿ ಸೇರುವುದಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಪ್ರಶ್ನೋತ್ತರ ರೂಪದಲ್ಲಿ ಸ್ಪಷ್ಟಪಡಿಸಿದೆ. ಆದರೂ ಎಷ್ಟೋ ಕಂಪನಿಗಳು ತಮ್ಮದೇ ಮಿತಿ ಇಟ್ಟುಕೊಂಡಿರುತ್ತವೆ, ಬರೆಯುವ ಮೊದಲೇ ಕೇಳಿ. ಸಂಯೋಜಕರ ಸಂಬಳವನ್ನು ಆಡಳಿತ ವೆಚ್ಚಕ್ಕೆ ಹಾಕಬೇಡಿ. ಅವರು ಕೇಂದ್ರಗಳಿಗೆ ಹೋಗುವವರು, ಅದು ಕಾರ್ಯಕ್ರಮದ ವೆಚ್ಚ.

ಇನ್ನೊಂದು, ನೀವು ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಆ ಸಚಿವಾಲಯದಲ್ಲಿ ಮಾಡಿಸುವ) ನೋಂದಣಿ ಹೇಳಿಲ್ಲ. 2021ರ ಏಪ್ರಿಲ್ 1ರಿಂದ ಅದು ಕಡ್ಡಾಯ. ನೋಂದಣಿ ಸಂಖ್ಯೆ ಇಲ್ಲದಿದ್ದರೆ ಪ್ರಸ್ತಾವನೆ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಮೂಲಕ ಸಿಎಸ್‌ಆರ್ ಹಣ ಖರ್ಚು ಮಾಡಲಾಗದು. ಈ ಕೆಲಸ ಇಂದೇ ಶುರು ಮಾಡಿ.

ಬಜೆಟ್‌ನಲ್ಲಿ ಪ್ರತಿ ಸಾಲೂ ಸಂಖ್ಯೆ, ದರ, ಅವಧಿ ಈ ಮೂರರ ಗುಣಾಕಾರವಾಗಿರಲಿ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ:

ಕಲಿಕಾ ಸಹಾಯಕರು: 10 × ₹6,000 × 10 ತಿಂಗಳು = ₹6,00,000
ಸಂಯೋಜಕರು: 1 × ₹22,000 × 12 = ₹2,64,000
ಭೇಟಿ ಪ್ರಯಾಣ: ತಿಂಗಳಿಗೆ 20 × ₹150 × 10 = ₹30,000
ಕಲಿಕಾ ಸಾಮಗ್ರಿ, ಚಾರ್ಜಿಂಗ್ ದೀಪ ಸೇರಿ: 10 × ₹8,000 = ₹80,000
ತರಬೇತಿ: 11 ಜನ × 8 ದಿನ × ₹400 = ₹35,200
ಆರಂಭ ಮತ್ತು ಅಂತ್ಯದ ಪರೀಕ್ಷೆ: 250 × 2 × ₹60 = ₹30,000
ಉಪಮೊತ್ತ ₹10,39,200. ಆಡಳಿತ 8% ₹83,136. ಒಟ್ಟು ₹11,22,336. ಮಗುವಿಗೆ ಸುಮಾರು ₹4,489.

ಬರಹದಲ್ಲಿ ‘12 ದಿನ ತರಬೇತಿ’ ಇದ್ದು ಎಕ್ಸೆಲ್‌ನಲ್ಲಿ 8 ಇದ್ದರೆ ಅಲ್ಲಿಗೆ ನಂಬಿಕೆ ಹೋಯಿತು. ಕಳಿಸುವ ಮುನ್ನ ಒಬ್ಬರು ಬರಹ ಓದುತ್ತಾ ಹೋಗಲಿ, ಇನ್ನೊಬ್ಬರು ಬಜೆಟ್‌ನಲ್ಲಿ ಆ ಸಂಖ್ಯೆ ಹುಡುಕಲಿ.

ಕಂತುಗಳನ್ನು ನೋಡದೆ ಒಪ್ಪಿಕೊಳ್ಳಬೇಡಿ. ಕೇಂದ್ರಗಳು ನಡೆಯುವಾಗ ತಿಂಗಳ ಖರ್ಚು ₹85,000. ಇದಲ್ಲದೆ ಸಾಮಗ್ರಿ, 8ರಲ್ಲಿ ಮೊದಲ 5 ದಿನದ ತರಬೇತಿ, ಮೊದಲ ಪರೀಕ್ಷೆಗೆ ಆರಂಭದಲ್ಲೇ ₹1,17,000 ಹೋಗುತ್ತದೆ. ಮೊದಲ ಕಂತು 40% ಎಂದರೆ ₹4,48,934. ಅದು ನಾಲ್ಕು ತಿಂಗಳಿಗೂ ಪೂರ್ತಿ ಸಾಲದು. ಮುಂದಿನ ಕಂತು ಆರು ತಿಂಗಳ ವರದಿಯ ಮೇಲೆ ಎಂದಿದ್ದರೆ ಸಹಾಯಕರಿಗೆ ಎರಡು ತಿಂಗಳು ಗೌರವಧನ ಇಲ್ಲ, ಕೇಂದ್ರಗಳು ಮುಚ್ಚುವುದು ಆಗಲೇ. 60% ಕೇಳಿ, ಇಲ್ಲವೇ ಮೂರನೇ ತಿಂಗಳಿಗೇ ಮೊದಲ ವರದಿ ಕೊಡುತ್ತೇವೆನ್ನಿ.

ಕೃಷ್ಣಾತೀರ:
ಇಬ್ಬರಿಗೂ ತುಂಬಾ ಧನ್ಯವಾದ. ಸಿಎಸ್‌ಆರ್-1 ಕೆಲಸ ನಾಳೆಯೇ ಹಿಡಿಯುತ್ತೇವೆ. ಇನ್ನೊಂದು ಆತಂಕ: ಹಣ ಸೆಪ್ಟೆಂಬರ್‌ನಲ್ಲಿ ಬರಬಹುದು ಎಂದಿದ್ದಾರೆ. ದೀಪಾವಳಿ ಹೊತ್ತಿಗೆ ನಮ್ಮ ಕಡೆ ಎಷ್ಟೋ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಮುಂಬೈಗೆ ದುಡಿಯಲು ಹೋಗುತ್ತಾರೆ.

ಬಯಲುಸೀಮೆ:
ಇದನ್ನು ಮುಚ್ಚಿಡಬೇಡಿ, ‘ಅಪಾಯಗಳು’ ಭಾಗದಲ್ಲಿ ಮೊದಲನೆಯದಾಗಿ ಬರೆಯಿರಿ. ಹಾಜರಿ ಪುಸ್ತಕದಲ್ಲಿ ‘ಗೈರು’ ಬೇರೆ, ‘ವಲಸೆ’ ಬೇರೆ ಕಲಂ ಇರಲಿ. ಹೋದ ತಿಂಗಳು, ಮರಳಿದ ತಿಂಗಳು ಎರಡನ್ನೂ ಬರೆಯಲಿ. ಹೊರಡುವ ಮಗುವಿಗೆ ಆ ವಾರವೇ ಒಂದು ಪರೀಕ್ಷೆ ಮಾಡಿಟ್ಟರೆ ಅಲ್ಲಿಯವರೆಗಿನ ಕಲಿಕೆ ಲೆಕ್ಕಕ್ಕೆ ಸಿಗುತ್ತದೆ. 250ರ ಬದಲು 280 ಸೇರಿಸಿಕೊಂಡು ಸಂಖ್ಯೆ ಸರಿದೂಗಿಸುವ ಉಪಾಯ ಕೆಲವರು ಹೇಳುತ್ತಾರೆ. ನನಗದು ಸರಿ ಕಾಣುವುದಿಲ್ಲ. ಕೊಠಡಿ ತುಂಬುತ್ತದೆ, ವಲಸೆ ಹೋದ ಮಗು ಮಾತ್ರ ವರದಿಯಿಂದ ಮಾಯವಾಗುತ್ತದೆ.

ವೇಳಾಪಟ್ಟಿಯನ್ನು ಎರಡು ಬಗೆಯಲ್ಲಿ ಕೊಡಿ. ಜೂನ್‌ನಲ್ಲಿ ಹಣ ಬಂದರೆ ಒಂದು. ಸೆಪ್ಟೆಂಬರ್ ಆದರೆ ದಸರಾ ರಜೆ ಮುಗಿದ ಮೇಲೆ ಆರಂಭ, ಬೇಸಿಗೆ ರಜೆ ಬಿಟ್ಟು, ಜೂನ್‌ನಿಂದ ಮುಂದುವರಿಕೆ. ಆಗ 5ನೇ ತರಗತಿಯವರು 6ಕ್ಕೆ ಹೋಗಿರುತ್ತಾರೆ, ಕೆಲವರ ಶಾಲೆಯೇ ಬದಲಾಗಬಹುದು. ಅವರಿಗೆ ಮಾರ್ಚ್‌ನಲ್ಲೇ ಅಂತಿಮ ಪರೀಕ್ಷೆ ಇಡಿ, ಗುರಿಯನ್ನೂ ಬೇರೆ ಬರೆಯಿರಿ.

ಲೆಕ್ಕದ ಪುಸ್ತಕ:
ಮಾರ್ಚ್ 31 ದಾಟಿದರೆ ಇನ್ನೊಂದು ತೊಡಕಿದೆ. ಹಣ ನಿಮ್ಮ ಖಾತೆಗೆ ಬಂದ ಮಾತ್ರಕ್ಕೆ ಕಂಪನಿ ಅದನ್ನು ಖರ್ಚು ಎಂದು ತೋರಿಸುವಂತಿಲ್ಲ, ನೀವು ಬಳಸಿರಬೇಕು. ಆದ್ದರಿಂದ ಈ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಕಂಪನಿಯ ನಿರ್ದೇಶಕ ಮಂಡಳಿ ಮೊದಲೇ ಅನುಮೋದಿಸಬೇಕು. ಹಾಗಾದರೆ ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಬಳಕೆಯಾಗದ ಸಿಎಸ್‌ಆರ್ ಹಣದ ಪ್ರತ್ಯೇಕ ಖಾತೆಗೆ ಹಾಕಿ ಅದೇ ಯೋಜನೆಗೆ ಬಳಸಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇದನ್ನು ಲಿಖಿತವಾಗಿ ಕೇಳಿಕೊಳ್ಳಿ.

ಸಂಜೆಮಲ್ಲಿಗೆ:
ಲಗತ್ತುಗಳ ಬಗ್ಗೆ ಯಾರೂ ಹೇಳಲಿಲ್ಲ. ಶಾಲಾ ಕೊಠಡಿ ಬಳಸುವುದಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಅನುಮತಿ ಪತ್ರ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಜೊತೆಗಿರಲಿ. ‘ಅನುಮತಿ ಪಡೆಯಲಾಗುವುದು’ ಎಂಬ ಸಾಲು ತೂಕವಿಲ್ಲದ್ದು. ಶಾಲೆ ಬಿಟ್ಟ ಮೇಲೆ ಬೀಗ ಯಾರ ಹತ್ತಿರ, ಕರೆಂಟ್ ಬಿಲ್ ಯಾರದ್ದು ಎಂಬುದು ಠರಾವಿನಲ್ಲೇ ಬರಲಿ. ಮಕ್ಕಳ ರಕ್ಷಣಾ ನೀತಿಯೂ ಬೇಕು, ಎರಡು ಪುಟ ಸಾಕು: ಸಹಾಯಕರ ಪೊಲೀಸ್ ಪರಿಶೀಲನೆ, ದೂರು ಯಾರಿಗೆ ಹೇಳಬೇಕು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ಮಾಹಿತಿ ಕೊಡುವ ಹೊಣೆ, ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವವರು ಯಾರು. ಮಕ್ಕಳ ಫೋಟೊ ಹಾಕುವುದಿದ್ದರೆ ಪಾಲಕರ ಒಪ್ಪಿಗೆ ಪತ್ರವನ್ನು ಈಗಲೇ ತೆಗೆದುಕೊಳ್ಳಿ.