ಹಳೇ ಫೋರ್‌ವೀಲ್ ಗಾಡಿ, ಎರಡು ನಾಯಿ: ಮೊದಲು ಯಾವುದಕ್ಕೆ ಕೈ ಹಾಕಲಿ?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 1996ನೇ ಮಾಡೆಲ್‌ನ ಒಂದು ಡೀಸೆಲ್ ಫೋರ್‌ವೀಲ್ ಡ್ರೈವ್ ತಗೊಂಡೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ನನ್ನ ಪ್ರಶ್ನೆ ಮೂಲೆಗೆ ಹೋಗಿ ಯಾವ ಕಂಪನಿ ಮೇಲು ಅಂತ ಜಗಳ ಶುರುವಾಗುತ್ತದೆ, ಅಲ್ವಾ?

ಗಾಡಿ ಓಡಾಡಲು ಚೆನ್ನಾಗಿದೆ. ಹಿಂದೆ ಎದುರುಬದುರು ಮಡಚುವ ಸೀಟುಗಳಿವೆ. ಫೋರ್‌ವೀಲ್ ಹಾಕಲು ಬೇರೆ ಲಿವರ್ ಇದೆ. ಏಸಿ ಇದೆ ಅಂತ ಮಾರಿದವರು ಹೇಳಿದರು, ಹಿಂದಕ್ಕಂತೂ ಅದರ ಗಾಳಿ ಬರಲ್ಲ.

ಹೆಂಡತಿ, ನಾನು, ಎರಡು ನಾಯಿ. ಕರಿಯನಿಗೆ 9 ವರ್ಷ, 31 ಕೆ.ಜಿ., ಹಿಂಗಾಲು ಸ್ವಲ್ಪ ಸೋತಿದೆ. ಪುಟ್ಟಿಗೆ 2 ವರ್ಷ, 14 ಕೆ.ಜಿ., ಕೂತಲ್ಲಿ ಕೂರುವ ಪೈಕಿ ಅಲ್ಲ. ಎರಡು ವಾರ ಮಣ್ಣುರಸ್ತೆಯಲ್ಲೇ ತಿರುಗಿ, ರಾತ್ರಿ ಬಯಲಲ್ಲೇ ಮಲಗುವ ಯೋಚನೆ. ಪಟ್ಟಿ ಮಾಡಿಟ್ಟುಕೊಂಡಿದ್ದೇನೆ: ರೂಫ್ ರ‍್ಯಾಕ್, ಅದರ ಮೇಲೆ ಟೆಂಟ್, ಫ್ರಿಜ್, ಎರಡನೇ ಬ್ಯಾಟರಿ, ಹಿಂದೆ ಡ್ರಾಯರ್‌ಗಳು, ಮುಂದೆ ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ). ನಾಯಿಗಳಿಗೆ ಡ್ರಾಯರ್ ಮೇಲೆ ಒಂದು ಮೆತ್ತನೆ ಹಾಸಿಗೆ ಹಾಕಿದರೆ ಸಾಕು ಅಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಸ್ಪ್ಯಾನರ್ 17:

ಮೊದಲು ಲೆಕ್ಕ ಹಾಕಿ ಸಾರ್. ನೀವಿಬ್ಬರು 140 ಕೆ.ಜಿ. ಅಂತ ಹಿಡಿಯೋಣ. ನಾಯಿಗಳು 45. ರ‍್ಯಾಕ್ 35, ಟೆಂಟ್ 60, ಡ್ರಾಯರ್ 50, ತುಂಬಿದ ಫ್ರಿಜ್ 35, ಬ್ಯಾಟರಿ 28, ವಿಂಚ್ ಮತ್ತು ಅದನ್ನು ಹೊರುವ ಬಂಪರ್ 60. ನೀರು 40 ಲೀಟರ್ ಅಂದರೆ 40 ಕೆ.ಜಿ. ಡಬ್ಬದಲ್ಲಿ 20 ಲೀಟರ್ ಡೀಸೆಲ್, ಡಬ್ಬ ಸೇರಿ 21. ಜಾಕ್, ಸ್ಪ್ಯಾನರ್, ಹಗ್ಗ ಎಲ್ಲ 30. ಕೂಡಿದರೆ 544 ಕೆ.ಜಿ. ಇನ್ನೂ ಚಡ್ಡಿ ಬನಿಯನ್ ಹಾಕಿಲ್ಲ.

ಗಾಡಿಯ ಪ್ಲೇಟಿನಲ್ಲಿ ಒಟ್ಟು ತೂಕ ಎಷ್ಟಿರಬಹುದು ಅಂತ ಬರೆದಿರುತ್ತದೆ. ಅದರಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದಷ್ಟೇ ನಿಮ್ಮದು. ಎಷ್ಟೋ ಗಾಡಿಗಳಲ್ಲಿ ಅದು 500-600 ಕೆ.ಜಿ. ಆಸುಪಾಸು ಇರುತ್ತದೆ. ಜೊತೆಗೆ ಈ ತೂಕ ಹೊರುವ ನಿಮ್ಮ ಲೀಫ್ ಸ್ಪ್ರಿಂಗ್‌ಗಳಿಗೂ ನಿಮ್ಮ ಗಾಡಿಯಷ್ಟೇ ವಯಸ್ಸು.

ಆಮೇಲೆ ಆ ಮೇಲಿನ ಟೆಂಟ್. 31 ಕೆ.ಜಿ. ಕರಿಯನನ್ನು ದಿನಾ ರಾತ್ರಿ ಏಣಿ ಹತ್ತಿಸುವವರು ಯಾರು?

ದುಡ್ಡು ಇದ್ದರೆ ಮೊದಲು ಹೋಸ್‌ಗಳು, ಬ್ರೇಕ್ ಆಯಿಲ್, ವೀಲ್ ಬೇರಿಂಗ್ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು. ಗೀರು ಎಷ್ಟೇ ಆಳ ಇರಲಿ, ಅಷ್ಟು ಹಳೇ ಟೈರ್ ನಂಬಿಕೊಂಡು ಕಲ್ಲುದಾರಿಗೆ ಹೋಗಬೇಡಿ.

ಹಿಂದಿನ ಸೀಟು:

ಸ್ಪ್ಯಾನರ್ ಅವರು ಹೇಳಿದ ತೂಕದ ಮಾತು ನೂರಕ್ಕೆ ನೂರು ಸರಿ. ನಾನು ಬೇರೆ ತುದಿಯಿಂದ ಶುರು ಮಾಡುತ್ತೇನೆ. ನಮ್ಮದೂ 1994ರ ಗಾಡಿ, ನಿಮ್ಮಂಥದ್ದೇ. ನಮ್ಮ ಗುಂಡ 27 ಕೆ.ಜಿ.

ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಹಿಂದಿನ ಸೀಟು ಮಡಚಿ, ನಾಯಿ ಮಲಗುವ ಜಾಗದಲ್ಲಿ ನೀವೇ ಮಲಗಿ. ಹೆಂಡತಿಗೆ ಗಾಡಿ ಓಡಿಸಲು ಹೇಳಿ. ಯಾರೂ ಓಡಾಡದ ಮಣ್ಣಿನ ಬಯಲಿನಲ್ಲಿ, ನಡಿಗೆಗಿಂತ ಸ್ವಲ್ಪ ಜೋರಾಗಿ, ಅರ್ಧ ಗಂಟೆ. ನಗಬೇಡಿ. ನಮ್ಮನೆಯವರೂ ಮೊದಲು ನಕ್ಕಿದ್ದರು.

ನಾನು ಮಲಗಲು ಕಾರಣ ಇತ್ತು. ಮೊದಲ ಎರಡು ಪ್ರಯಾಣದಲ್ಲೂ ಗುಂಡ ವಾಂತಿ ಮಾಡಿದ, ಬಾಯಲ್ಲಿ ನೊರೆ, ನಿಂತೇ ಇರುತ್ತಿದ್ದ. ಮಲಗು ಅಂದರೂ ಮಲಗಲ್ಲ. ಅವನಿಗೆ ಗಾಡಿ ಅಂದರೆ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು. ನಾನು ಮಲಗಿ ಹತ್ತು ನಿಮಿಷಕ್ಕೆ ಗೊತ್ತಾಯಿತು, ಅವನು ಯಾಕೆ ನಿಲ್ಲುತ್ತಿದ್ದ ಅಂತ. ಎಡಗಡೆ ನೆಲ ಕಾದ ಕಾವಲಿ. ಸೈಲೆನ್ಸರ್ ಸರಿಯಾಗಿ ಅದರ ಕೆಳಗೇ ಹೋಗುತ್ತದೆ, ಮಧ್ಯದಲ್ಲಿದ್ದ ತಗಡು ಯಾವ ಕಾಲದಲ್ಲೋ ಬಿದ್ದುಹೋಗಿತ್ತು. ಮುಂದೆ ಕೂತವರಿಗೆ ಇದು ಗೊತ್ತೇ ಆಗಲ್ಲ.

ಇನ್ನೊಂದು, ಹೊಗೆ. ಹಿಂದಿನ ಡೋರಿನ ಕೆಳಗಡೆಯಿಂದ ಧೂಳೂ ಹೊಗೆಯೂ ಒಟ್ಟಿಗೆ ಒಳಗೆ ಬರುತ್ತಿತ್ತು. ಚೌಕ ಬೆನ್ನಿನ ಗಾಡಿ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ತನ್ನ ಹೊಗೆಯನ್ನು ತಾನೇ ಎಳೆದುಕೊಳ್ಳುತ್ತದೆ. ನಾಯಿಗೆ ಗಾಳಿ ಬರಲಿ ಅಂತ ಹಿಂದಿನ ಗಾಜು ಮಾತ್ರ ತೆಗೆದರೆ ಇನ್ನೂ ಜಾಸ್ತಿ. ನಾವು ಅದನ್ನೇ ಮಾಡುತ್ತಿದ್ದೆವು, ಪಾಪ. ಪೆಟ್ರೋಲ್ ಗಾಡಿಗಿಂತ ಡೀಸೆಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆ, ನಿಜ. ಆದರೂ ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಂದು ಅಲಾರಂ ಹಿಂದೆ ಇಟ್ಟಿರುವುದು ಒಳ್ಳೆಯದು.

ಪರೀಕ್ಷೆ ಸುಲಭ. ಡೋರಿನ ಅಂಚಿನ ರಬ್ಬರ್ ಬೀಡಿಂಗ್ ಮೇಲೆ ಕಾಗದದ ಚೂರು ಇಟ್ಟು ಡೋರ್ ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸುಮ್ನೆ ಜಾರಿ ಬಂದರೆ ರಬ್ಬರ್ ಚಪ್ಪಟೆಯಾಗಿದೆ, ಬದಲಾಯಿಸಿ. ಡೋರಿನ ಸುತ್ತ ಒಂದೊಂದು ಗೇಣಿಗೂ ಹೀಗೆ ನೋಡಿ. ನಮ್ಮದರಲ್ಲಿ ಕೆಳಗಿನ ಎರಡು ಮೂಲೆಯೂ ಹೋಗಿದ್ದವು. ಆಮೇಲೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಅರೆಕ್ಷಣ ಒತ್ತಿ ಹಿಡಿಯಿರಿ. ಎಲ್ಲಾದರೂ ಸೀಳಿದ್ದರೆ ಅಲ್ಲಿ ಬುಸ್ ಅನ್ನುತ್ತದೆ. ಜಾಯಿಂಟಿನಲ್ಲಿ ಕಪ್ಪು ಮಸಿ ಕಂಡರೂ ಅದೇ ಅರ್ಥ.

ನೆಲದ ವಿಷಯಕ್ಕೆ ಬರುತ್ತೇನೆ, ಹಳೇ ಗಾಡಿಯಲ್ಲಿ ಮುಖ್ಯ ಇದೇ. ಕಾರ್ಪೆಟ್ ಕಿತ್ತು ನೋಡಿ. ನಾನು ಕಿತ್ತಾಗ ಅದರಡಿಯ ದಪ್ಪ ಬಟ್ಟೆಯಂಥದ್ದು ಒದ್ದೆ ಮುದ್ದೆಯಾಗಿತ್ತು. ಎತ್ತಿ ಹಿಂಡಿದರೆ ಕಂದು ನೀರು. ಅದರಡಿ ಹೆಬ್ಬೆರಳು ತೂರುವಷ್ಟು ತುಕ್ಕಿನ ತೂತು. ಹೊಳೆಯಲ್ಲಿ ಈಜಿ ಬಂದ ನಾಯಿ ಅಲ್ಲಿ ಮೈ ಒದರಿ ಮಲಗುತ್ತದೆ, ನಾವು ಮೇಲಿಂದ ಒರೆಸಿ ಸುಮ್ಮನಾಗುತ್ತೇವೆ. ನೀರು ಮಾತ್ರ ಅಲ್ಲೇ ಇರುತ್ತದೆ. ಈಗ ನಮ್ಮಲ್ಲಿ ಕಾರ್ಪೆಟ್ ಇಲ್ಲ. ತುಕ್ಕು ಕೆರೆದು, ತೂತಿಗೆ ತಗಡು ವೆಲ್ಡ್ ಮಾಡಿಸಿ, ಬಣ್ಣ ಹೊಡೆಸಿದೆವು. ಸೈಲೆನ್ಸರ್ ಮೇಲೆ ಹೊಸ ತಗಡು, ನೆಲಕ್ಕೂ ಅದಕ್ಕೂ ಎರಡು ಬೆರಳು ಸಂದು. ಒಳಗೆ ತೆಳು ಪಟ್ಟಿಗಳ ಮೇಲೆ 12 ಮಿ.ಮೀ. ಪ್ಲೈವುಡ್, ಎರಡೂ ಕಡೆ ವಾರ್ನಿಶ್. ಮೇಲೆ ಗೀರಿರುವ ರಬ್ಬರ್ ಮ್ಯಾಟ್. ನಾಲ್ಕು ಬೋಲ್ಟ್ ಬಿಚ್ಚಿದರೆ ಇಡೀ ಹಲಗೆ ಎತ್ತಿ ಕೆಳಗೆ ಒಣಗಿಸಬಹುದು. ಗುಂಡನಿಗೆ ಈಗ ಉಗುರು ಜಾರಲ್ಲ. ಮೊದಲ ದಿನವೇ ಕಾಲು ಚಾಚಿ ಗೊರಕೆ ಹೊಡೆದ.

ಡ್ರಾಯರ್ ಮೇಲೆ ಹಾಸಿಗೆ ಅಂದಿರಲ್ಲ, ಅದು ಬೇಡ. ಡ್ರಾಯರ್ 30 ಸೆಂ.ಮೀ. ಎತ್ತರ ಅಂದುಕೊಳ್ಳಿ, ನಾಯಿಯ ತಲೆ ಗಾಜಿನ ಮಟ್ಟಕ್ಕೆ ಬರುತ್ತದೆ. ಬಿಸಿಲು ಪೂರ್ತಿ ಅದರ ಮೇಲೆ, ತಿರುವಿನಲ್ಲಿ ತೂಗಾಟವೂ ಜಾಸ್ತಿ. ಕರಿಯನ ಹಿಂಗಾಲಿಗೆ ಆ ಎತ್ತರ ಬೇರೆ ಕಷ್ಟ. ಡ್ರಾಯರ್ ಬೇಕೇ ಬೇಕು ಅಂದರೆ ಅರ್ಧ ಅಗಲಕ್ಕೆ ಮಾಡಿಸಿ, ಉಳಿದರ್ಧ ನೆಲ ನಾಯಿಗಳಿಗೆ ಬಿಡಿ.

ಶಾಖ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಅಂಗಾಲಲ್ಲಿ ಒಂದಿಷ್ಟು, ಉಳಿದದ್ದು ತೇಕುವುದರಿಂದಲೇ. ಅದರ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಕುತ್ತು. ಹೊರಗೆ 24 ಡಿಗ್ರಿ ಅಂತ ಹಾಯಾಗಿದ್ದರೂ ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಗಾಡಿಯೊಳಗೆ ಅರ್ಧ ಗಂಟೆಯಲ್ಲಿ 40 ದಾಟಬಹುದು. ಗಾಜು ಎರಡು ಬೆರಳು ಇಳಿಸಿಟ್ಟರೆ ಏನೂ ಪ್ರಯೋಜನ ಇಲ್ಲ. ನಾವು ವೈರ್ ಇರುವ ಥರ್ಮಾಮೀಟರಿನ ತುದಿಯನ್ನು ನಾಯಿಯ ತಲೆಮಟ್ಟದಲ್ಲಿ ಅಂಟಿಸಿ, ಅಂಕಿ ಡ್ಯಾಶ್‌ಬೋರ್ಡಿನಲ್ಲಿ ಕಾಣುವಂತೆ ಮಾಡಿದ್ದೇವೆ. ನಮಗೆ ಮುಂದೆ ತಂಪು ಅನ್ನಿಸುವಾಗ ಹಿಂದೆ 7 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಆವತ್ತೇ ಹಿಂದಕ್ಕೆ ಎರಡು 12 ವೋಲ್ಟ್ ಫ್ಯಾನ್ ಹಾಕಿಸಿದೆ, ಗಾಜಿಗೆ ಪರದೆ. ಫ್ರಿಜ್ ಇನ್ನೂ ತಗೊಂಡಿಲ್ಲ. ಬೇಕು ಅನಿಸಲೂ ಇಲ್ಲ.

ಕೊನೆಯದು ಆ ಲಿವರ್. ಸ್ವಲ್ಪ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ, ಬರೀ ಗೇರಿನಲ್ಲಿ ಬಿಟ್ಟು ಇಳಿದಿದ್ದೆ. ಗುಂಡ ಮುಂದಿನ ಸೀಟುಗಳ ಸಂದಿಯಲ್ಲಿ ತೂರಿ ಬಂದು ಫೋರ್‌ವೀಲ್ ಲಿವರ್ ಮೇಲೆ ಕೂತ. ಅದು ನ್ಯೂಟ್ರಲ್‌ಗೆ ಬಂತು. ಹಾಗೆ ಬಂದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ, ಗೇರಿನಲ್ಲಿದ್ದರೂ ಇಲ್ಲದಿದ್ದರೂ ಒಂದೇ. ಗಾಡಿ ಮೆಲ್ಲಗೆ ಉರುಳಿ ಮಣ್ಣಿನ ಗುಡ್ಡೆಗೆ ಒರಗಿ ನಿಂತಿತು. ಒಳಗೆ ಗುಂಡ ರಾಜನ ಹಾಗೆ ಕೂತಿದ್ದ. ಮುಂದಕ್ಕೂ ಹಿಂದಕ್ಕೂ ನಡುವೆ ಕಬ್ಬಿಣದ ಜಾಲರಿ ಬಂದದ್ದು ಹಾಗೆ.

ಎರಡು ಕಿವಿ:

ಮೇಡಂ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಜಾಲರಿ ಇದ್ದರೂ ನಾಯಿಯನ್ನು ಕಟ್ಟಬೇಕು. 50 ಕಿ.ಮೀ. ವೇಗದಲ್ಲಿ ಗುದ್ದುವುದೂ 10 ಮೀಟರ್ ಮೇಲಿಂದ ಬೀಳುವುದೂ ಒಂದೇ. ಕುತ್ತಿಗೆ ಪಟ್ಟಿಗೆ ಕಟ್ಟಲೇಬೇಡಿ, ಎದೆ ಹಿಡಿಯುವ ಹಾರ್ನೆಸ್ ಹಾಕಿ. ಹಿಂದಿನ ಸೀಟುಗಳನ್ನು ತೆಗೆದರೆ ಅವುಗಳ ಬೋಲ್ಟ್ ಜಾಗ ಸಿಗುತ್ತದೆ, ಅಲ್ಲಿ ಕಂಪನಿಯವರೇ ನೆಲ ಗಟ್ಟಿ ಮಾಡಿರುತ್ತಾರೆ. ಕೊಂಡಿ ಅಲ್ಲಿಗೇ ಹಾಕಿ. ಬರೀ ತಗಡಿಗೆ ಸ್ಕ್ರೂ ಹೊಡೆದರೆ ಕೊಂಡಿ ಕಿತ್ತುಕೊಂಡು ಬರುತ್ತದೆ.

ನನ್ನ ಆಯ್ಕೆ ಕಟ್ಟುವುದಲ್ಲ, ಬೋನು. ಎರಡು ನಾಯಿ ಇದ್ದರೆ ಬೆಲ್ಟುಗಳು ಜಡೆ ಹೆಣೆದುಕೊಳ್ಳುತ್ತವೆ, ಅದರಲ್ಲೂ ನಿಮ್ಮ ಪುಟ್ಟಿಯಂಥದ್ದು ಇದ್ದರೆ. ಬೋನಿಗೆ ಮುಂದಿನಿಂದಲೂ ಒಂದು ಬಾಗಿಲಿರಲಿ. ಹಿಂದಿನಿಂದ ಯಾರಾದರೂ ಗುದ್ದಿ ಡೋರ್ ಜಾಮ್ ಆದರೆ ನಾಯಿಯನ್ನು ಹೊರಗೆ ತೆಗೆಯುವುದು ಹೇಗೆ?

ಎಂಜಿನ್ ತಂಪಾಗಿಡುವ ಕೂಲಂಟ್ ಸೋರಿಕೆ ಇದ್ದರೆ ಇವತ್ತೇ ಸರಿ ಮಾಡಿಸಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ಕ್ಯಾಂಪಿನಲ್ಲಿ ನಾಯಿ ಮಲಗುವುದು ಗಾಡಿಯಡಿಯ ನೆರಳಲ್ಲೇ, ಹನಿ ಬೀಳುವುದೂ ಅಲ್ಲೇ.

ಹಿಂದಿನ ಸೀಟು:

ಬೋನಿನ ಮಾತು ಒಪ್ಪುತ್ತೇನೆ, ಜಾಗ ಇದ್ದರೆ. 31 ಕೆ.ಜಿ. ನಾಯಿ ತಿರುಗಿ ಮಲಗುವಂಥ ಬೋನು ಇಟ್ಟರೆ ಅವರ ಗಾಡಿಯಲ್ಲಿ ಇನ್ನೇನೂ ಹಿಡಿಸಲ್ಲ. ಹೇಗೂ ಡ್ರಾಯರ್ ಹೋಯಿತಲ್ಲ ಅನ್ನುತ್ತೀರಾ, ಅದೂ ಸರಿ.

ಮಣ್ಣುದಾರಿ:

ಮಲಗಿ ನೋಡಿದೆ! ಪಕ್ಕದ ಮನೆಯವರು ನೋಡಿಬಿಟ್ಟರು, ಅದು ಬೇರೆ ಕಥೆ.

ನಮ್ಮದರಲ್ಲಿ ನೆಲ ಬಿಸಿ ಇಲ್ಲ. ಆದರೆ ಬಲಗಡೆ ಚಕ್ರದ ಉಬ್ಬಿನ ಹತ್ತಿರ ತಲೆ ಇಟ್ಟರೆ ಕಿವಿಯೊಳಗೆ ಜೇನುಹುಳ ಬಿಟ್ಟಂತೆ ಸದ್ದು. ವೀಲ್ ಬೇರಿಂಗ್ ಅಂತ ಮೆಕ್ಯಾನಿಕ್ ಹೇಳಿದರು. ಮುಂದೆ ಕೂತು ಎರಡು ತಿಂಗಳು ಓಡಿಸಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಕಾಗದದ ಪರೀಕ್ಷೆಯಲ್ಲಿ ಮೇಲಿನ ಎಡಮೂಲೆ ಫೇಲ್. ಕಾರ್ಪೆಟ್ ಕಿತ್ತೆ. ತೂತಿಲ್ಲ, ಆದರೆ ಹಳೇ ಮಾಲೀಕರ ಒಂದು ಚಪ್ಪಲಿ ಸಿಕ್ಕಿತು.

ವೇಬ್ರಿಡ್ಜಿಗೂ ಹೋದೆ. ನಮಗೆ ಉಳಿದಿರುವುದು 520 ಕೆ.ಜಿ. ಹಾಗಾಗಿ ಟೆಂಟ್, ರ‍್ಯಾಕ್, ವಿಂಚ್ ಮೂರೂ ಪಟ್ಟಿಯಿಂದ ಹೋದವು. ನೆಲದ ಟೆಂಟ್ ತಗೊಳ್ಳುತ್ತೇವೆ, ಕರಿಯನೂ ಒಳಗೇ. ನೀರು ಮಾತ್ರ 40 ಲೀಟರ್ ಇರಲಿ. ಕೆ.ಜಿ.ಗೆ ದಿನಕ್ಕೆ 60 ಎಂ.ಎಲ್. ಅಂದರೂ ಇವೆರಡಕ್ಕೇ ಮೂರು ಲೀಟರ್ ಹತ್ತಿರ, ಬಿಸಿಲಿದ್ದರೆ ಎರಡರಷ್ಟು. ಬೋನು ಪುಟ್ಟಿಗೆ, ಕರಿಯನಿಗೆ ಹಾರ್ನೆಸ್. ಇಬ್ಬರ ಮಾತೂ ಉಳಿಯಿತು.

ಒಂದೇ ಸಮಸ್ಯೆ. ಹಿಂದಿನ ಡೋರ್ ತೆಗೆದರೆ ನೆಲ 78 ಸೆಂ.ಮೀ. ಎತ್ತರ. 1.2 ಮೀಟರ್ ಮಡಚುವ ರ‍್ಯಾಂಪ್ ತಂದೆ. ಕರಿಯ ಅದನ್ನು ಮೂಸಿ ನೋಡಿ, ನನ್ನ ಮುಖ ನೋಡಿ, ಹೋಗಿ ಮೂಲೆಯಲ್ಲಿ ಮಲಗಿದ.

ಹಿಂದಿನ ಸೀಟು:

ಅವನದ್ದು ತಪ್ಪಿಲ್ಲ. ಆ ಲೆಕ್ಕಕ್ಕೆ ಇಳಿಜಾರು 40 ಡಿಗ್ರಿ ಆಗುತ್ತದೆ, ಹೆಚ್ಚುಕಡಿಮೆ ಏಣಿಯೇ. 1.8 ಮೀಟರಿನದ್ದು ತಂದರೆ 26ಕ್ಕೆ ಇಳಿಯುತ್ತದೆ. ಮೇಲ್ಮೈ ಒರಟಾಗಿರಲಿ, ಇಲ್ಲವಾದರೆ ಹಳೇ ಮ್ಯಾಟ್ ತುಂಡು ಅಂಟಿಸಿ.

ತಂದ ದಿನವೇ ಗಾಡಿಗೆ ಹಚ್ಚಬೇಡಿ. ಮೊದಲು ನೆಲದ ಮೇಲೆ ಚಪ್ಪಟೆ ಹಾಸಿ, ಅದರ ಮೇಲೆ ಊಟ ಹಾಕಿ. ನಾಲ್ಕೈದು ದಿನ. ಆಮೇಲೆ ಒಂದು ತುದಿಯನ್ನು ಮೆಟ್ಟಿಲ ಮೇಲಿಡಿ, ಒಂದೇ ಮೆಟ್ಟಿಲು. ಗುಂಡನಿಗೆ ಗಾಡಿ ಮುಟ್ಟಲು ಹನ್ನೊಂದು ದಿನ ಬೇಕಾಯಿತು. ಇಳಿಯುವಾಗ ಹಾರ್ನೆಸ್ ಹಿಡಿದುಕೊಂಡೇ ಇರಿ, ಹತ್ತುವುದಕ್ಕಿಂತ ಇಳಿಯುವಾಗಲೇ ಅರ್ಧದಲ್ಲಿ ನೆಗೆಯುವುದು.

ಮಣ್ಣುದಾರಿ:

ಈಗ ವರಾಂಡದಲ್ಲಿ ಹಾಸಿದ್ದೇನೆ. ಪುಟ್ಟಿ ಅದರ ಮೇಲೆ ಮಲಗಿದ್ದಾಳೆ, ಕರಿಯನಿಗೆ ಜಾಗ ಬಿಡುತ್ತಿಲ್ಲ.